ನಟ್ಟು, ಬೋಲ್ಟು, ವಾಷರ್‌ಗೆ ಯಾವ ಡಬ್ಬಿ? ಶೆಡ್ಡಿನಲ್ಲಿ ಬಳಸಿ ನೋಡಿದ ಹೋಲಿಕೆ

ಸ್ಕ್ರೂ ಇಡೋಕೆ ಡಬ್ಬಿ ಕೊಳ್ಳುವಾಗ ಎಲ್ಲರೂ ನೋಡುವುದು ಎಷ್ಟು ಖಾನೆ ಇದೆ, ಎಷ್ಟು ಹಿಡಿಯುತ್ತೆ, ಬೆಲೆ ಎಷ್ಟು ಅಂತ. ನಾನು ನೋಡುವುದು ಬೇರೆ. ಕೆಲಸ ಮುಗಿದಿದೆ, ಒಂದು ಕೈಯಲ್ಲಿ ಗ್ರೀಸು, ಇನ್ನೊಂದರಲ್ಲಿ ಉಳಿದ ನಾಲ್ಕು ವಾಷರ್. ಅವನ್ನು ಅದರ ಜಾಗಕ್ಕೆ ಒಂದೇ ಕೈಯಲ್ಲಿ ವಾಪಸ್ ಹಾಕೋಕೆ ಆಗುತ್ತಾ? ಆಗಲ್ಲ ಅಂದರೆ ಆ ವಾಷರ್ ಮೊದಲು ಮೇಜಿನ ಮೂಲೆ ಸೇರುತ್ತೆ, ಆಮೇಲೆ ನೆಲ, ಆಮೇಲೆ ಪೊರಕೆ. ಬೇಕಾದಾಗ ಎಂಥ ಡಬ್ಬಿಯಿಂದಾದರೂ ತಡಕಾಡಿ ತೆಗೆಯುತ್ತೇವೆ, ಯಾಕಂದ್ರೆ ಗರಜು ನಮ್ಮದು. ವಾಪಸ್ ಇಡುವಾಗ ಯಾವ ಗರಜೂ ಇರಲ್ಲ.

ನಮ್ಮದು ಶಿವಮೊಗ್ಗ. ಮನೆ ಪಕ್ಕದ ಶೀಟಿನ ಶೆಡ್ಡೇ ವರ್ಕ್‌ಶಾಪು. ಮಿಕ್ಸಿ, ಫ್ಯಾನು, ನಲ್ಲಿ, ಸೈಕಲ್ಲು, ಸ್ವಲ್ಪ ಮರಗೆಲಸ, ಬಿಡುವಿದ್ದಾಗ ಎಲೆಕ್ಟ್ರಾನಿಕ್ಸ್. ಹಾಗಾಗಿ ಸಾಮಾನೂ ಬೆರಕೆ: ಮಿಕ್ಸಿ ಕಪ್ಲರ್, ಕಾರ್ಬನ್ ಬ್ರಷ್, ಫ್ಯಾನಿನ ಕಂಡೆನ್ಸರ್, ನಲ್ಲಿ ವಾಷರ್, ಬಿಜಾಗರಿ ಸ್ಕ್ರೂ, ರೆಸಿಸ್ಟರ್. ಇದರ ಜೊತೆಗೆ ಮಳೆಗಾಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಡೆಯುವುದು ಇಲ್ಲಿ ನಡೆಯಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಪರಿನಲ್ಲಿ ಕಟ್ಟಿಕೊಡುವ ಪೊಟ್ಟಣವನ್ನು ಹಾಗೇ ಇಡುವವರು ಇದ್ದಾರೆ. ಬೇಡ. ಕಾಗದ ತೇವ ಹೀರಿಕೊಂಡು ಕಬ್ಬಿಣಕ್ಕೆ ಅಂಟಿಕೊಂಡೇ ಇರುತ್ತೆ. ರಟ್ಟಿನ ಡಬ್ಬಿಯ ಕತೆಯೂ ಅಷ್ಟೇ, ಜೊತೆಗೆ ಜಿರಳೆ, ಗೆದ್ದಲು ಬೇರೆ. ಇವೆರಡನ್ನೂ ಸ್ಪರ್ಧೆಯಿಂದ ಹೊರಗಿಟ್ಟೇ ಶುರು ಮಾಡೋಣ.

ಪುಕ್ಕಟೆ ಸಿಗುವವು

ಹೋಟೆಲ್ ಪಾರ್ಸಲ್ ಬರುವ ಪ್ಲಾಸ್ಟಿಕ್ ಡಬ್ಬಿ ಎಲ್ಲರ ಮನೆಯಲ್ಲೂ ರಾಶಿ ಇರುತ್ತೆ. ತಳ ನೋಡಿ. ತ್ರಿಕೋನದೊಳಗೆ 5 ಅಂತ ಇದ್ದರೆ ಅದು ಪಾಲಿಪ್ರೊಪಿಲೀನ್. ಬಗ್ಗುತ್ತೆ, ಸುಲಭವಾಗಿ ಒಡೆಯಲ್ಲ, ಸೀಮೆಎಣ್ಣೆ ಗ್ರೀಸಿನ ಕೈ ತಗುಲಿದರೂ ಏನೂ ಆಗಲ್ಲ. ಒಳಗಿನದು ಮಬ್ಬಾಗಿ ಕಾಣುತ್ತೆ. ಪುಕ್ಕಟೆ ಸಾಮಾನಿಗೆ ಇಷ್ಟು ಗುಣ ಜಾಸ್ತಿನೇ.

ತೊಂದರೆ ಮುಚ್ಚಳದ್ದು. ಒಂದು ಹೋಟೆಲಿನ ಮುಚ್ಚಳ ಇನ್ನೊಂದು ಹೋಟೆಲಿನ ಡಬ್ಬಿಗೆ ಕೂರಲ್ಲ, ತೆಗೆಯೋಕೆ ಎರಡೂ ಕೈ ಬೇಕು. ಮೇಲಿಂದ ಮೇಲೆ ಪೇರಿಸಿದರೆ ಬೇಕಾದದ್ದು ಯಾವಾಗಲೂ ಕೆಳಗಿನ ಡಬ್ಬಿಯಲ್ಲೇ! ಭಾರದ ಲೆಕ್ಕವನ್ನೂ ಮರೆಯಬೇಡಿ. ಉಕ್ಕು ನೀರಿಗಿಂತ ಸುಮಾರು 7.8 ಪಟ್ಟು ಭಾರ. ಸಂದಿಗೊಂದಿಯಲ್ಲಿ ಅರ್ಧ ಗಾಳಿಯೇ ಇದೆ ಅಂದುಕೊಂಡರೂ ಒಂದು ಲೀಟರಿನ ಡಬ್ಬಿ ತುಂಬಾ ನಟ್ಟು ಬೋಲ್ಟು ಹಾಕಿದರೆ ನಾಲ್ಕು ಕೆಜಿ ಹತ್ತಿರ ಬರುತ್ತೆ. ಸಾರು ತುಂಬೋಕೆ ಮಾಡಿದ ಡಬ್ಬಿಯ ಅಂಚು ಹಿಡಿದು ಅದನ್ನು ಎತ್ತೋದು ಬೇಡ. ವರ್ಷಕ್ಕೆ ಒಂದೆರಡು ಸಲ ಬೇಕಾಗುವ ಹಗುರ ಸಾಮಾನಿಗೆ ಇಟ್ಟುಕೊಳ್ಳಿ. ನಲ್ಲಿ ವಾಷರ್, ಪೈಪ್ ಕ್ಲಿಪ್, ಕುಕ್ಕರ್ ಗ್ಯಾಸ್ಕೆಟ್, ಇಂಥವಕ್ಕೆ ಸಾಕು.

ಗಾಜಿನ ಬಾಟಲಿಯನ್ನು ಶೆಲ್ಫಿನ ಅಡಿಯಲ್ಲಿ ನೇತು ಹಾಕುವ ಉಪಾಯ ಹಳೆಯದು, ಈಗಲೂ ಚೆನ್ನಾಗಿದೆ. ಮುಚ್ಚಳವನ್ನು ಹಲಗೆಯ ಅಡಿಗೆ ಸ್ಕ್ರೂ ಹಾಕಿ ಕೂರಿಸಿ, ಬಾಟಲಿಯನ್ನು ತಿರುಗಿಸಿ ಹಾಕೋದು. ಒಂದೇ ಸ್ಕ್ರೂ ಹಾಕಿದರೆ ಬಾಟಲಿ ತಿರುಗಿಸಿದಾಗ ಮುಚ್ಚಳವೂ ಜೊತೆಗೆ ತಿರುಗುತ್ತೆ. ಎರಡು ಹಾಕಿ, ಅಡಿಯಲ್ಲಿ ಅಗಲವಾದ ವಾಷರ್ ಕೊಡಿ. ಕೆಳಗಿಂದ ನೋಡಿದರೆ ಒಳಗೇನಿದೆ ಅಂತ ಗೊತ್ತಾಗುತ್ತೆ, ಮೇಜಿನ ಜಾಗ ಒಂದಿಂಚೂ ಹೋಗಲ್ಲ, ತೇವ ಒಳಗೆ ನುಗ್ಗಲ್ಲ. ಉಪ್ಪಿನಕಾಯಿ ಬಾಟಲಿ ಮಾತ್ರ ಬಳಸಬೇಡಿ. ಎಷ್ಟು ತೊಳೆದರೂ ಮುಚ್ಚಳದ ಮರೆಯಲ್ಲಿ ಉಪ್ಪು ಉಳಿದುಕೊಳ್ಳುತ್ತೆ, ಮೊದಲು ಮುಚ್ಚಳ ತುಕ್ಕು ಹಿಡಿಯುತ್ತೆ, ಆಮೇಲೆ ಮೊಳೆ. ಒಗ್ಗರಣೆ ವಾಸನೆಯ ವಾಷರ್ ಬೋನಸ್ಸು.

ಒಂದೇ ಕೈಯ ಪರೀಕ್ಷೆಯಲ್ಲಿ ಬಾಟಲಿಗೆ ಅರ್ಧ ಮಾರ್ಕು. ಬಿಚ್ಚೋದು ಒಂದೇ ಕೈಯಲ್ಲಿ ಆಗುತ್ತೆ, ಆದರೆ ವಾಷರ್ ಹಿಡಿದ ಕೈಯನ್ನು ಏನು ಮಾಡೋದು? ನಮ್ಮ ಶೆಡ್ಡಿನಲ್ಲಿ ಬಾಟಲಿಗಳಲ್ಲಿ ಹೆಚ್ಚಾಗಿ ಇರುವುದು ಮೊಳೆ ಮತ್ತು ಮರದ ಸ್ಕ್ರೂ. ಅವು ಹಿಡಿಗಟ್ಟಲೆ ಹೊರಗೆ ಬರುತ್ತವೆ, ಹಿಡಿಗಟ್ಟಲೆ ಒಳಗೆ ಹೋಗುತ್ತವೆ.

ಖಾನೆ ಪೆಟ್ಟಿಗೆಯೋ, ಡ್ರಾಯರ್ ಕ್ಯಾಬಿನೆಟ್ಟೋ

ನಿಜವಾದ ಪೈಪೋಟಿ ಇರುವುದು ಇಲ್ಲಿ. ಜನ ದುಡ್ಡು ಹಾಕುವುದೂ ಇವೆರಡರ ಮೇಲೆಯೇ.

ಖಾನೆ ಪೆಟ್ಟಿಗೆ ಅಂದರೆ ಸೂಟ್‌ಕೇಸಿನ ಹಾಗೆ ತೆರೆಯುವ, ಒಳಗೆ ತಡೆಪಟ್ಟಿಗಳನ್ನು ಹಿಂದೆ ಮುಂದೆ ಮಾಡಬಹುದಾದ ಪ್ಲಾಸ್ಟಿಕ್ ಪೆಟ್ಟಿಗೆ. ಒಂದು ಸಲ ತೆರೆದರೆ ಎಲ್ಲಾ ಅಳತೆಯೂ ಕಣ್ಣೆದುರು. ಎತ್ತಿಕೊಂಡು ಹೋಗಬಹುದು. ಅಕ್ಕನ ಮನೆಯ ಬಾಗಿಲು ಸರಿ ಮಾಡೋಕೆ ಹೋಗುವಾಗ ಪೂರ್ತಿ ಅಂಗಡಿಯೇ ಕೈಯಲ್ಲಿರುತ್ತೆ.

ಆದರೆ ಕೊಳ್ಳುವ ಮುಂಚೆ ಎರಡು ಪರೀಕ್ಷೆ ಮಾಡಿ. ಒಂದು, ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿ. ಗಾಜಿನಂತೆ ಹೊಳೆಯುತ್ತಾ, ಬಗ್ಗದೆ ನಿಂತರೆ ಅದು ಹೆಚ್ಚಾಗಿ ಪಾಲಿಸ್ಟೈರೀನ್, ತಳದಲ್ಲಿ 6 ಅಂತ ಇರುತ್ತೆ. ನೋಡೋಕೆ ಚೆಂದ. ಮೇಜಿನಿಂದ ಒಂದು ಸಲ ಬಿದ್ದರೆ ಮೂಲೆ ಚೂರು. ಥಿನ್ನರ್ ಅಥವಾ ಪೆಟ್ರೋಲ್ ತಗುಲಿದರೆ ಮೇಲ್ಮೈ ಕರಗಿ ಮಬ್ಬಾಗುತ್ತೆ. ಮುಚ್ಚಳವೂ ಡಬ್ಬಿಯೂ ಒಂದೇ ಪ್ಲಾಸ್ಟಿಕ್ಕಾಗಿ, ಮಧ್ಯೆ ತೆಳುವಾದ ಮಡಿಕೆಯೇ ಕೀಲಾಗಿರುವ ಡಬ್ಬಿಗಳು ಇರುತ್ತವಲ್ಲ, ಅವು ಪಾಲಿಪ್ರೊಪಿಲೀನಿನದ್ದೇ ಆಗಿರಲಿ. ಆ ಮಡಿಕೆ ಸಾವಿರಾರು ಸಲ ಬಗ್ಗಿದರೂ ತಡೆಯುತ್ತೆ. ಪಾಲಿಸ್ಟೈರೀನಿಗೆ ಆ ಶಕ್ತಿ ಇಲ್ಲ.

ಎರಡನೆಯದು ಸಂದಿಯ ಪರೀಕ್ಷೆ. ಇದನ್ನು ಯಾರೂ ಮಾಡಲ್ಲ. ಎಂ3 ವಾಷರ್ (3 ಮಿ.ಮೀ. ಬೋಲ್ಟಿನದು) ಅಂದರೆ 7 ಮಿ.ಮೀ. ಅಗಲ, ದಪ್ಪ ಬರೀ ಅರ್ಧ ಮಿಲಿಮೀಟರ್. ಮುಚ್ಚಳಕ್ಕೂ ತಡೆಪಟ್ಟಿಗೂ ಮಧ್ಯೆ ಒಂದು ಮಿಲಿಮೀಟರ್ ಸಂದಿ ಇದ್ದರೆ ಸಾಕು. ಪೆಟ್ಟಿಗೆಯನ್ನು ಹಿಡಿ ಹಿಡಿದು ನೇರವಾಗಿ ಎತ್ತಿಕೊಂಡು ಹೋಗುವಾಗ ವಾಷರ್‌ಗಳು ಮೆಲ್ಲಗೆ ಪಕ್ಕದ ಖಾನೆಗೆ ಜಾರುತ್ತವೆ. ತೆರೆದು ನೋಡಿದರೆ ಎಂ3, ಎಂ4, ಸ್ಪ್ರಿಂಗ್ ವಾಷರ್ ಎಲ್ಲಾ ಒಂದೇ ಸಂಸಾರ. ಅಂಗಡಿಯಲ್ಲೇ ಒಂದು ಖಾನೆಗೆ ವಾಷರ್ ಹಾಕಿ, ಮುಚ್ಚಿ, ತಲೆಕೆಳಗೆ ಮಾಡಿ ಅಲ್ಲಾಡಿಸಿ. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ ಬಿಡಿ. ಒಂದೊಂದು ಖಾನೆಯೂ ಬಿಡಿಬಿಡಿ ಬಟ್ಟಲಾಗಿದ್ದು ಮುಚ್ಚಳ ಅದರ ಅಂಚಿಗೆ ಒತ್ತಿ ಕೂರುವ ಮಾದರಿಗಳೂ ಬರುತ್ತವೆ. ದುಬಾರಿ, ಆದರೆ ಬೇಕಾದ ಬಟ್ಟಲೊಂದನ್ನೇ ತೆಗೆದು ಕೆಲಸದ ಹತ್ತಿರ ಒಯ್ಯಬಹುದು. ಓಡಾಟದ ಕೆಲಸ ಇರುವವರು ಇದಕ್ಕೇ ದುಡ್ಡು ಹಾಕಲಿ.

ಇನ್ನು ಡ್ರಾಯರ್ ಕ್ಯಾಬಿನೆಟ್. ಗೋಡೆಗೆ ನೇತು ಹಾಕುವ ಚೌಕಟ್ಟಿನಲ್ಲಿ ಮೂವತ್ತು ನಲವತ್ತು ಪುಟ್ಟ ಡ್ರಾಯರ್. ನನ್ನ ಪರೀಕ್ಷೆಯಲ್ಲಿ ಇದೇ ಮೊದಲು. ಕಿರುಬೆರಳಲ್ಲಿ ಎಳೆದು, ವಾಷರ್ ಹಾಕಿ, ಮೊಣಕೈಯಲ್ಲಿ ತಳ್ಳಿದರೆ ಕೆಲಸ ಮುಗೀತು. ಬೇರೆ ಯಾವುದರಲ್ಲೂ ಮೊಣಕೈ ಕೆಲಸಕ್ಕೆ ಬರಲ್ಲ. ಕ್ಯಾಬಿನೆಟ್ ಬಂದ ಮೇಲೆ ನಮ್ಮ ಮೇಜಿನ ಮೂಲೆ ಖಾಲಿ ಕಾಣುತ್ತಿರುವುದೇ ಇದಕ್ಕೆ ಸಾಕ್ಷಿ.

ಕೊರತೆ ಇಲ್ಲ ಅಂತಲ್ಲ. ಡ್ರಾಯರಿನ ಹಿಂದೆ ತಡೆ ಇದೆಯಾ ನೋಡಿ. ಅಗ್ಗದವುಗಳಲ್ಲಿ ಇರಲ್ಲ. ಸ್ವಲ್ಪ ಜೋರಾಗಿ ಎಳೆದರೆ ಡ್ರಾಯರ್ ಕೈಗೆ, ಸ್ಕ್ರೂಗಳು ನೆಲಕ್ಕೆ. ಒಳ್ಳೆಯದರಲ್ಲಿ ಹಿಂಭಾಗದ ಗೋಡೆ ಸ್ವಲ್ಪ ಎತ್ತರ ಇದ್ದು ಚೌಕಟ್ಟಿಗೆ ತಗುಲಿ ನಿಲ್ಲುತ್ತೆ, ಬೇಕಂತಲೇ ಎತ್ತಿ ಎಳೆದರೆ ಮಾತ್ರ ಹೊರಗೆ ಬರುತ್ತೆ. ಧೂಳು ಒಳಗೆ ಹೋಗುತ್ತೆ. ತುಂಬಿದ ಮೇಲೆ ಹತ್ತು ಹದಿನೈದು ಕೆಜಿ ಆಗುತ್ತೆ, ಅದಕ್ಕೆ ಗೋಡೆ ಗಟ್ಟಿ ಇರಬೇಕು. ನಮ್ಮ ಕಡೆ ಹಳೆಯ ಗೋಡೆಗಳು ಜಂಬಿಟ್ಟಿಗೆಯವು. ಡ್ರಿಲ್ ಹಾಕಿದರೆ ತೂತು ಪುಡಿಪುಡಿಯಾಗಿ ದೊಡ್ಡದಾಗುತ್ತೆ, ಪ್ಲಗ್ ಹಿಡಿಯಲ್ಲ. ನಾನು ಮೊದಲು ಒಂದು ಪ್ಲೈವುಡ್ ಹಲಗೆಯನ್ನು ಉದ್ದ ಸ್ಕ್ರೂ ಹಾಕಿ ಆರು ಕಡೆ ಬಿಗಿದು, ಅದರ ಮೇಲೆ ಕ್ಯಾಬಿನೆಟ್ ಕೂರಿಸಿದೆ. ಎತ್ತಿಕೊಂಡು ಹೋಗೋಕಂತೂ ಆಗಲ್ಲ ಅನ್ನೋದು ಗೊತ್ತಿದ್ದದ್ದೇ.

ಡ್ರಾಯರಿನ ಮೇಲೆ ಏನಿದೆ ಅಂತ ಬರೆಯುವುದಕ್ಕೆ ಮಾರ್ಕರ್ ಪೆನ್ನು ಬೇಡ. ಈ ಪ್ಲಾಸ್ಟಿಕ್ಕಿನ ಮೇಲೆ ಶಾಯಿ ಹಿಡಿಯಲ್ಲ, ಎಣ್ಣೆ ಕೈ ತಗುಲಿದರೆ ಅಳಿಸಿಹೋಗುತ್ತೆ. ಕಾಗದದಲ್ಲಿ ಬರೆದು ಮೇಲೆ ಅಗಲವಾದ ಸೆಲ್ಲೋ ಟೇಪ್ ಹಾಕಿ. ಇಲ್ಲವೇ ಒಳಗಿರುವ ಸ್ಕ್ರೂ ಒಂದನ್ನು ಬಿಸಿ ಗೋಂದಿನಲ್ಲಿ ಮುಂಭಾಗಕ್ಕೆ ಅಂಟಿಸಿ. ಕನ್ನಡಕ ಹುಡುಕದೆ ಕೆಲಸ ನಡೆಯುತ್ತೆ.

ರೆಸಿಸ್ಟರಿಗೆ ಡಬ್ಬಿಯೇ ಬೇಡ

ಎಲೆಕ್ಟ್ರಾನಿಕ್ಸ್ ಹುಚ್ಚು ಇರುವವರು ಮಾತ್ರ ಇದನ್ನು ಓದಿ. ರೆಸಿಸ್ಟರ್‌ಗಳ ಇ12 ಸರಣಿಯಲ್ಲಿ ಪ್ರತಿ ಹತ್ತು ಪಟ್ಟಿನ ಸುತ್ತಿಗೆ (10ರಿಂದ 100, 100ರಿಂದ 1000, ಹೀಗೆ) 12 ಬೆಲೆಗಳು (ದುಡ್ಡಲ್ಲ, ಓಮ್ ಅಳತೆ): 10, 12, 15, 18, 22, 27, 33, 39, 47, 56, 68, 82. ಹತ್ತು ಓಮ್‌ನಿಂದ ಒಂದು ಮೆಗಾ ಓಮ್‌ವರೆಗೆ ಐದು ಸುತ್ತು, ಒಟ್ಟು 61 ಬೆಲೆ. ಒಂದೊಂದಕ್ಕೆ ಒಂದು ಡ್ರಾಯರ್ ಅಂದರೆ ಎರಡು ಕ್ಯಾಬಿನೆಟ್ ಅದಕ್ಕೇ ಬೇಕು. ಪ್ರತಿಯೊಂದರಲ್ಲೂ ಇರುವುದು ಒಂದು ಚಿಟಿಕೆ ಸಾಮಾನು.

ಇಲ್ಲಿ ಗೆಲ್ಲುವುದು ಪುಟ್ಟ ಜಿಪ್‌ಲಾಕ್ ಕವರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡರೆ ಎಷ್ಟೋ ಅಂಗಡಿಗಳಲ್ಲಿ ಅದರಲ್ಲೇ ಹಾಕಿ ಕೊಡುತ್ತಾರೆ. ಪ್ರತಿ ಕವರಿಗೆ ಒಂದು ಗಟ್ಟಿ ಕಾಗದದ ಚೀಟಿ, ಅದರ ಮೇಲ್ತುದಿಯಲ್ಲಿ ಬೆಲೆ. ಎಲ್ಲವನ್ನೂ ಒಂದು ಉದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸಿ. 61 ಬೆಲೆಯೂ ಒಂದು ಚಪ್ಪಲಿ ಡಬ್ಬಿಯಷ್ಟು ಜಾಗದಲ್ಲಿ ಮುಗಿಯುತ್ತೆ. ಎರಡು ಕೈ ಬೇಕು, ನಿಜ. ಆದರೆ ರೆಸಿಸ್ಟರ್ ಕೆಲಸದಲ್ಲಿ ಕೈಗೆ ಗ್ರೀಸ್ ಇರಲ್ಲ, ಕೂತು ಮಾಡುವ ಕೆಲಸ. ಮಾಸ್‌ಫೆಟ್, ಐಸಿಯಂಥ ಚಿಪ್ಪುಗಳನ್ನು ಮಾಮೂಲಿ ಕವರಿನಲ್ಲಿ ಹಾಕಬೇಡಿ. ಪ್ಲಾಸ್ಟಿಕ್ ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತಿಗೆ ಅವು ಕೆಡಬಹುದು. ಅವು ಬಂದ ಗುಲಾಬಿ ಅಥವಾ ಬೆಳ್ಳಿ ಬಣ್ಣದ ಕವರಿನಲ್ಲೇ ಇರಲಿ.

ಈಗಿನ ಹುಡುಗರ ಗ್ರಿಡ್‌ಫಿನಿಟಿ

ಮನೆಯಲ್ಲಿ 3ಡಿ ಪ್ರಿಂಟರ್ ಇರುವವರು ಇದನ್ನು ಕೇಳಿಯೇ ಇರುತ್ತೀರಿ. ಜ್ಯಾಕ್ ಫ್ರೀಡ್‌ಮನ್ ಅನ್ನುವವರು 2022ರಲ್ಲಿ ಉಚಿತವಾಗಿ ಬಿಟ್ಟ ಪದ್ಧತಿ. 42 ಮಿ.ಮೀ. ಚೌಕದ ತಳಹಲಗೆ, ಅದರ ಮೇಲೆ ಕೂರುವ ಬಟ್ಟಲುಗಳು, ಎತ್ತರ 7 ಮಿ.ಮೀ. ಲೆಕ್ಕದಲ್ಲಿ. ಯಾರು ಮಾಡಿದ ಬಟ್ಟಲಾದರೂ ಯಾರ ಹಲಗೆಯ ಮೇಲಾದರೂ ಕೂರುತ್ತೆ.

ಪಕ್ಕದ ಮನೆ ಹುಡುಗ ನನ್ನ ಮೇಜಿನ ಒಂದು ಡ್ರಾಯರಿಗೆ ಮಾಡಿಕೊಟ್ಟ. "ಅಂಕಲ್, ಒಂದ್ಸಲ ಬಳಸಿ ನೋಡಿ, ಆಮೇಲೆ ಬಿಡಲ್ಲ" ಅಂದ. ಡ್ರಾಯರಿನ ಒಳ ಅಗಲ 400 ಮಿ.ಮೀ. ಒಂಬತ್ತು ಚೌಕ ಕೂತು 22 ಮಿ.ಮೀ. ಉಳಿಯಿತು, ಅಲ್ಲಿಗೆ ಒಂದು ಮರದ ಪಟ್ಟಿ ತುರುಕಿದೆ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಡ್ರಿಲ್ ಬಿಟ್, ಆಲನ್ ಕೀ, ಕ್ಯಾಲಿಪರ್ ಎಲ್ಲಕ್ಕೂ ಅದರದ್ದೇ ಅಳತೆಯ ಗೂಡು. ಮುಚ್ಚಳ ಇಲ್ಲ, ಹಾಗಾಗಿ ಒಂದೇ ಕೈ ಸಾಕು. ಆದರೆ ಒಂದೊಂದು ಬಟ್ಟಲಿಗೂ ಗಂಟೆಗಟ್ಟಲೆ ಪ್ರಿಂಟ್ ಆಗಬೇಕು, ಆ ಪ್ಲಾಸ್ಟಿಕ್ಕಿನ ಖರ್ಚಲ್ಲಿ ಬಜಾರಿನ ಡಬ್ಬಿ ನಾಲ್ಕು ಬರುತ್ತೆ. ಪಿಎಲ್‌ಎ (ಈ ಪ್ರಿಂಟರುಗಳಲ್ಲಿ ಹೆಚ್ಚಾಗಿ ಬಳಸುವ) ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಸೊಟ್ಟಗಾಗೋದು ಖಂಡಿತ. ಬರೀ ಸ್ಕ್ರೂ ಇಡೋಕೆ ಇಷ್ಟೆಲ್ಲಾ ಯಾಕೆ ಅನ್ನೋದು ನನ್ನ ಅನಿಸಿಕೆ. ಹವ್ಯಾಸವೇ ಅದಾದರೆ ಮಾತು ಬೇರೆ.

ಕೆಲಸ ನಡೆಯುವಾಗ

ಬಿಚ್ಚಿದ ಮಿಕ್ಸಿಯ ಸ್ಕ್ರೂಗಳನ್ನು ಆ ಹೊತ್ತಿಗೆ ಇಡೋಕೆ ಸ್ಟೀಲಿನ ಒಗ್ಗರಣೆ ಡಬ್ಬಿಗಿಂತ ಒಳ್ಳೆಯದು ನಾನು ಕಂಡಿಲ್ಲ. ಏಳು ಬಟ್ಟಲು. ಬಿಚ್ಚಿದ ಕ್ರಮದಲ್ಲೇ ಹಾಕುತ್ತಾ ಹೋದರೆ ಜೋಡಿಸುವಾಗ ಹಿಂದಿನಿಂದ ಬರೋದು. ಊಟಕ್ಕೆ ಏಳಬೇಕಾದರೆ ಮುಚ್ಚಳ ಮುಚ್ಚಿಟ್ಟರೆ ಬೆಕ್ಕು ಬಂದರೂ ಭಯವಿಲ್ಲ. ಅಮ್ಮ "ನನ್ನ ಡಬ್ಬಿ ಮುಟ್ಟಿದ್ರೆ ನೋಡು, ಪಾತ್ರೆ ಅಂಗಡಿ ಇಲ್ವಾ ಊರಲ್ಲಿ?" ಅಂದಿದ್ದರಿಂದ ಹೊಸದೇ ತಂದೆ. ಸೈಕಲ್ ಹಬ್ಬಿನ ಗುಂಡುಗಳಿಗೆ ಮಾತ್ರ ಇದು ಆಗಲ್ಲ. ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಕಾಲಿಂಚಿನವು, ಮುಂದಿನದಕ್ಕೆ ಇಂಚಿನ ಹದಿನಾರರಲ್ಲಿ ಮೂರು ಭಾಗದವು. ಬೆರೆತರೆ ಕಣ್ಣಿಗೆ ಬೇಗ ಗೊತ್ತಾಗಲ್ಲ. ಹೋಮಿಯೋಪತಿ ಮಾತ್ರೆಯ ಪುಟ್ಟ ಬಾಟಲಿಗಳಲ್ಲಿ ಒಂದು ತೊಟ್ಟು ಎಣ್ಣೆಯ ಜೊತೆ ಬೇರೆಬೇರೆ ಇಡುತ್ತೇನೆ.

ತುಕ್ಕಿನ ವಿಷಯ

ಗಟ್ಟಿ ಮುಚ್ಚಳ ಇದ್ದರೆ ತುಕ್ಕು ಬರಲ್ಲ ಅಂದುಕೊಳ್ಳಬೇಡಿ. ಜುಲೈಯಲ್ಲಿ ತೆರೆದು ಮುಚ್ಚಿದರೆ ಜುಲೈಯ ಗಾಳಿಯೇ ಒಳಗೆ ಸೇರಿಕೊಳ್ಳುತ್ತೆ. ಖಾನೆ ಪೆಟ್ಟಿಗೆಯಲ್ಲಿ ಒಂದು ಮೂಲೆ ತೇವ ಹೀರುವ ಸಿಲಿಕಾ ಜೆಲ್ ಪುಡಿಕೆಗೆ ಬಿಡಿ. ಬಣ್ಣ ಬದಲಾದ ಹರಳನ್ನು 120 ಡಿಗ್ರಿ ಹತ್ತಿರ ಬಿಸಿ ಮಾಡಿದರೆ ಮತ್ತೆ ಕೆಲಸ ಮಾಡುತ್ತೆ. ನೀಲಿ ಬಣ್ಣದವುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಅದು ವಿಷ. ಅಡುಗೆ ಬಾಣಲೆಯಲ್ಲಿ ಹುರಿಯಲೇಬಾರದು. ಡ್ರಾಯರ್ ಕ್ಯಾಬಿನೆಟ್ಟಿಗೆ ಸಿಲಿಕಾ ಹಾಕಿ ಪ್ರಯೋಜನ ಇಲ್ಲ, ಗಾಳಿ ಆಡುತ್ತಲೇ ಇರುತ್ತೆ. ಅಲ್ಲಿ ಸ್ಟೇನ್‌ಲೆಸ್ ಮತ್ತು ಸತುವಿನ ಲೇಪ ಇರುವ ಸ್ಕ್ರೂ ಇಟ್ಟು, ಕಪ್ಪು ಬಣ್ಣದ ಹೈಟೆನ್ಸಿಲ್ ಬೋಲ್ಟುಗಳನ್ನು ಎಣ್ಣೆ ಸವರಿ ಬಾಟಲಿಗೆ ಹಾಕಿ.

ಇನ್ನೊಂದು ಉಳಿಯಿತು, ಬೈಕ್ ಗ್ಯಾರೇಜುಗಳಲ್ಲಿ ಕಾಣುವ ಅರ್ಧ ಕತ್ತರಿಸಿದ ಆಯಿಲ್ ಕ್ಯಾನು. ಎಲ್ಲಿಂದ ಬಿಚ್ಚಿದ್ದೋ ಗೊತ್ತಿಲ್ಲದ, ಅಳತೆ ನೋಡೋಕೆ ಪುರುಸೊತ್ತಿಲ್ಲದ ಬಿಡಿ ಬೋಲ್ಟುಗಳ ಜಾಗ ಅದು. ಅಚ್ಚುಕಟ್ಟಿನವರು ಮೂಗು ಮುರಿಯುತ್ತಾರೆ, ಆದರೆ ಇಂಥದ್ದೊಂದು ಇಲ್ಲದಿದ್ದರೆ ಡ್ರಾಯರುಗಳೇ ಕಲಬೆರಕೆ ಆಗುತ್ತವೆ. ಕ್ಯಾನು ಅರ್ಧ ತುಂಬಿದಾಗ ಹಳೆಯ ತಟ್ಟೆಗೆ ಸುರಿದು, ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೇಲೆ ಆಡಿಸುತ್ತೇನೆ. ಮಾಮೂಲಿ ಉಕ್ಕಿನದ್ದು ಮೇಲೆ ಬರುತ್ತೆ. ತಟ್ಟೆಯಲ್ಲಿ ಉಳಿಯುವುದು ಹಿತ್ತಾಳೆ, ಅಲ್ಯೂಮಿನಿಯಂ ಮತ್ತು ಹೆಚ್ಚಿನ ಸ್ಟೇನ್‌ಲೆಸ್. ಸ್ಟೇನ್‌ಲೆಸ್ ಡ್ರಾಯರಿಗೆ, ಹಿತ್ತಾಳೆ ಬಾಟಲಿಗೆ. ಕವರ್ ತಿರುವಿ ಹಾಕಿದರೆ ಕಬ್ಬಿಣ ಉದುರುತ್ತೆ, ಅದರಲ್ಲಿ ತುಕ್ಕು ಹಿಡಿದದ್ದು ಗುಜರಿಗೆ.