ನಾಲ್ಕು ಹುಡುಗಿಯರು, 76 ಕಂತು: ಯಾರಿಂದ ಶುರು ಮಾಡಬೇಕು?

ರಾತ್ರಿ ಹೊತ್ತು. ಒಬ್ಬ ಹುಡುಗ ಶಾಲೆಯ ಕಿಟಕಿ ಗಾಜು ಒಡೆದು ಒಳಗೆ ಬರುತ್ತಾನೆ, ಜೊತೆಗೊಬ್ಬಳು ಹುಡುಗಿ. ಅವಳಿಗೆ ಹೆದರಿಕೆ. ಏನೋ ಸದ್ದಾಯಿತು ಅನ್ನುತ್ತಾಳೆ. ಯಾರೂ ಇಲ್ಲ ಬಾ ಅನ್ನುತ್ತಾನೆ ಅವನು. ನಿಜಕ್ಕೂ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ಹುಡುಗಿ ಅವನ ಕಡೆ ತಿರುಗುತ್ತಾಳೆ. ಅವಳ ಮುಖ ಬದಲಾಗಿರುತ್ತದೆ. ಕಚ್ಚುವವಳು ಅವಳೇ.

'ಬಫಿ ದ ವ್ಯಾಂಪೈರ್ ಸ್ಲೇಯರ್' ಶುರುವಾಗುವುದು ಹೀಗೆ, 1997ರ ಮಾರ್ಚ್‌ನಲ್ಲಿ. ಕತ್ತಲಲ್ಲಿ ಹೆದರುವ ಹುಡುಗಿ ಅಂದ್ರೆ ಸಾಯುವವಳು ಅಂತ ನೋಡುವವರು ಅಷ್ಟರಲ್ಲಿ ತೀರ್ಮಾನಿಸಿಬಿಟ್ಟಿರುತ್ತಾರೆ. ಆ ತೀರ್ಮಾನವನ್ನು ಮೂರು ನಿಮಿಷದೊಳಗೆ ಮುರಿದು ಕೈಗೆ ಕೊಡುತ್ತದೆ ಈ ಧಾರಾವಾಹಿ. ನನ್ನ ಅಕ್ಕನ ಮಗಳಿಗೆ ಈಗ ಹದಿನಾರು. ಈ ದೃಶ್ಯ ನೋಡಿ ಅವಳು ಫೋನ್ ಕೆಳಗಿಟ್ಟಳು. "ಚಿಕ್ಕಮ್ಮ, ಇಂಥದ್ದು ಇನ್ನೂ ಇದೆಯಾ?" ಅಂತ ಕೇಳಿದಳು.

ಇದೆ. ಹದಿಹರೆಯದ ಹುಡುಗಿಯೇ ಕಥೆಯ ಬೆನ್ನೆಲುಬಾಗಿರುವ ಧಾರಾವಾಹಿ ಎಲ್ಲಿ ಸಿಕ್ಕರೂ ನಾನು ಬಿಡುವವಳಲ್ಲ. ಹಾಗಾಗಿ ನನಗೆ ತುಂಬಾ ಇಷ್ಟವಾದ ನಾಲ್ಕನ್ನು ಆರಿಸಿಕೊಂಡು, ಇಬ್ಬರೂ ಮೊದಲಿನಿಂದ ನೋಡಲು ಕೂತೆವು. ಪ್ರತಿಯೊಂದರಲ್ಲೂ ಮೊದಲ ಸೀಸನ್ ಮಾತ್ರ. ಬಫಿ 12 ಕಂತು, 'ವೆರೋನಿಕಾ ಮಾರ್ಸ್' 22, 'ಜೋನ್ ಆಫ್ ಆರ್ಕೇಡಿಯಾ' 23, 'ಮೈ ಸೋ-ಕಾಲ್ಡ್ ಲೈಫ್' 19. ಒಟ್ಟು 76. ನಾಲ್ಕು ತಿಂಗಳು ಹಿಡಿಯಿತು. ನೋಡುವಾಗ ನಾನು ಕೇಳಿಕೊಂಡ ಪ್ರಶ್ನೆ ಒಂದೇ. ಈ ಹುಡುಗಿ ಗಟ್ಟಿ ಅನ್ನುತ್ತೀರಲ್ಲ, ಆ ಗಟ್ಟಿತನಕ್ಕೆ ಅವಳು ಏನು ತೆತ್ತಳು? ಏನೂ ತೆರದೆ ಎಲ್ಲರನ್ನೂ ಸೋಲಿಸುವ ಹುಡುಗಿ ನನ್ನ ಮನಸ್ಸಿಗೆ ಹತ್ತಿರ ಆಗುವುದೇ ಇಲ್ಲ.

ನಿಜವಾದ ಪೈಪೋಟಿ ಇದ್ದದ್ದು ಬಫಿಗೂ ವೆರೋನಿಕಾಗೂ. ಅದನ್ನೇ ಮೊದಲು ಹೇಳುತ್ತೇನೆ.

ಬಫಿಗೆ ಶಕ್ತಿ ಹೊರಗಿನಿಂದ ಬಂದದ್ದು. ರಕ್ತಪಿಶಾಚಿಗಳನ್ನು ಕೊಲ್ಲಲು ಪ್ರತಿ ತಲೆಮಾರಿಗೊಬ್ಬಳು ಹುಡುಗಿ ಆಯ್ಕೆಯಾಗುತ್ತಾಳೆ, ಈ ಸಲ ಇವಳು. ಅವಳು ಕೇಳಿ ಪಡೆದದ್ದಲ್ಲ. ಹಳೆ ಶಾಲೆಯ ಜಿಮ್‌ಗೆ ಬೆಂಕಿ ಹಾಕಿ ಅಲ್ಲಿಂದ ಹೊರಹಾಕಿಸಿಕೊಂಡಿದ್ದಾಳೆ. ಯಾಕೆ ಹಾಕಿದೆ ಅಂತ ಅಮ್ಮನ ಹತ್ತಿರ ಹೇಳುವ ಹಾಗಿಲ್ಲ. ಹೊಸ ಊರು ಸನ್ನಿಡೇಲ್‌ನಲ್ಲಿ ಶಾಲೆಯ ಕೆಳಗೇ ನರಕದ ಬಾಯಿ ಇದೆ. ಅವಳಿಗೆ ತರಬೇತಿ ಕೊಡುವವರು ಶಾಲೆಯ ಲೈಬ್ರರಿಯನ್ ಜೈಲ್ಸ್.

ಈ ಧಾರಾವಾಹಿಯ ಜಾಣತನ ಇರುವುದು ರಾಕ್ಷಸರನ್ನು ಆರಿಸುವ ರೀತಿಯಲ್ಲಿ. ಹದಿಹರೆಯದ ಒಂದೊಂದು ಸಂಕಟವೂ ಇಲ್ಲಿ ಒಂದೊಂದು ರಾಕ್ಷಸ. ಒಬ್ಬ ತಾಯಿಗೆ ತನ್ನ ಚಿಯರ್‌ಲೀಡರ್ ದಿನಗಳು ವಾಪಸ್ ಬೇಕು. ಮಗಳ ದೇಹವನ್ನೇ ಮಾಟ ಮಾಡಿ ಕಿತ್ತುಕೊಳ್ಳುತ್ತಾಳೆ. ಇನ್ನೊಂದು ಕಂತಿನಲ್ಲಿ ಮಾರ್ಸಿ ಅಂತ ಹುಡುಗಿ. ತರಗತಿಯಲ್ಲಿ ಅವಳನ್ನು ಯಾರೂ ಗಮನಿಸುವುದಿಲ್ಲ, ಕೈ ಎತ್ತಿದರೂ ಟೀಚರ್ ಕಣ್ಣಿಗೆ ಬೀಳುವುದಿಲ್ಲ. ಹಾಗೇ ಗಮನಿಸದೆ ಗಮನಿಸದೆ ಒಂದು ದಿನ ಅವಳು ನಿಜವಾಗಿ ಕಾಣದೇ ಹೋಗುತ್ತಾಳೆ. ಈ ಕಂತು ಮುಗಿದ ಮೇಲೆ ಅಕ್ಕನ ಮಗಳು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳ ತರಗತಿಯ ಒಬ್ಬಳ ಬಗ್ಗೆ ಹೇಳಿದಳು. ಒಂದು ವರ್ಷದಿಂದ ಅವಳ ಪಕ್ಕದ ಬೆಂಚಿನಲ್ಲೇ ಕೂರುವ ಹುಡುಗಿಯಂತೆ, ಇವತ್ತಿನವರೆಗೂ ಒಂದು ಮಾತೂ ಆಡಿಲ್ಲವಂತೆ.

ಒಪ್ಪಬೇಕಾದ್ದನ್ನು ಒಪ್ಪುತ್ತೇನೆ. ಬಫಿಯ ಮೊದಲ ಸೀಸನ್‌ಗೆ ದುಡ್ಡು ಕಡಿಮೆ ಇತ್ತು ಅನ್ನುವುದು ಕಣ್ಣಿಗೆ ಕಾಣುತ್ತದೆ. ವೇಷಗಳು ರಬ್ಬರ್ ಅಂತ ಗೊತ್ತಾಗುತ್ತದೆ. ಕಂಪ್ಯೂಟರಿನೊಳಗೆ ಸೇರಿಕೊಂಡ ರಾಕ್ಷಸನ ಕಂತು ಇವತ್ತು ನೋಡಲು ಕಷ್ಟವೇ. ಅಲ್ಲಿಗೇ ಬಿಟ್ಟುಬಿಡಬೇಡಿ. ಯಾಕೆಂದರೆ ಹನ್ನೆರಡನೇ ಕಂತು ಇದೆ.

(ಇಲ್ಲಿಂದ ಮುಂದಿನ ಒಂದು ಪ್ಯಾರಾದಲ್ಲಿ ಕಥೆ ಹೇಳಿಬಿಡುತ್ತೇನೆ. ಬೇಡದವರು ದಾಟಿ ಹೋಗಿ.)

ಮಾಸ್ಟರ್ ಅನ್ನುವ ಪಿಶಾಚಿಯ ಕೈಯಲ್ಲಿ ಬಫಿ ಸಾಯುತ್ತಾಳೆ ಅಂತ ಹಳೆಯ ಪುಸ್ತಕದಲ್ಲಿ ಬರೆದಿದೆ. ಜೈಲ್ಸ್ ಅದನ್ನು ಇನ್ನೊಬ್ಬರಿಗೆ ಹೇಳುವಾಗ ಅವಳ ಕಿವಿಗೆ ಬೀಳುತ್ತದೆ. ಅವಳು ಮೊದಲು ನಗುತ್ತಾಳೆ. ಆಮೇಲೆ ಪುಸ್ತಕಗಳನ್ನು ಎತ್ತಿ ಎಸೆಯುತ್ತಾಳೆ. ನನಗೆ ಹದಿನಾರು ವರ್ಷ, ನನಗೆ ಸಾಯಲು ಇಷ್ಟವಿಲ್ಲ ಅನ್ನುತ್ತಾಳೆ. ಕೆಲಸವನ್ನೇ ಬಿಟ್ಟು ಎದ್ದು ಹೋಗುತ್ತಾಳೆ. ಸಾರಾ ಮಿಷೆಲ್ ಗೆಲ್ಲರ್ ಆ ಮಾತು ಹೇಳುವಾಗ ಅವಳ ಮುಖದಲ್ಲಿ ವೀರಳ ಗುರುತೇ ಇಲ್ಲ, ಬರೀ ಮಗು. ಮರುದಿನ ಗೆಳತಿ ವಿಲೋ ಶಾಲೆಯಲ್ಲಿ ಹೆಣಗಳನ್ನು ಕಂಡು ನಡುಗಿಹೋಗುತ್ತಾಳೆ. ಅವಳನ್ನು ನೋಡಿದ ಮೇಲೆ ಬಫಿ ಬಿಳಿ ಗೌನಿನ ಮೇಲೆ ಲೆದರ್ ಜಾಕೆಟ್ ಹಾಕಿಕೊಂಡು ಹೊರಡುತ್ತಾಳೆ. ಭವಿಷ್ಯ ಸುಳ್ಳಾಗಬಹುದು ಅಂತ ಯಾರೂ ಅವಳಿಗೆ ಹೇಳಿಲ್ಲ. ಸಾಯುತ್ತೇನೆ ಅಂತ ಗೊತ್ತಿದ್ದೇ ಹೋಗುತ್ತಾಳೆ.

ಈಗ ವೆರೋನಿಕಾ. 2004ರಲ್ಲಿ ಬಂದದ್ದು, ಕ್ರಿಸ್ಟನ್ ಬೆಲ್ ಮಾಡಿದ ಪಾತ್ರ. ಇವಳಿಗೆ ಯಾವ ದೈವವೂ ಶಕ್ತಿ ಕೊಟ್ಟಿಲ್ಲ. ಕೈಯಲ್ಲಿ ಕ್ಯಾಮರಾ, ಜೊತೆಗೆ ಬ್ಯಾಕಪ್ ಅನ್ನುವ ನಾಯಿ, ಖಾಸಗಿ ಪತ್ತೇದಾರನಾದ ಅಪ್ಪನ ಆಫೀಸು, ಇಷ್ಟೇ. ಊರು ನೆಪ್ಚೂನ್. ಅಲ್ಲಿ ಕೋಟ್ಯಧಿಪತಿಗಳು ಇದ್ದಾರೆ, ಅವರ ಹತ್ತಿರ ದುಡಿಯುವವರು ಇದ್ದಾರೆ, ನಡುವೆ ಯಾರೂ ಇಲ್ಲ.

ಬಫಿ ತೆರುವುದನ್ನು ಸೀಸನ್ ಕೊನೆಯಲ್ಲಿ ತೆರುತ್ತಾಳೆ. ವೆರೋನಿಕಾ ಕಥೆ ಶುರುವಾಗುವ ಮೊದಲೇ ಎಲ್ಲವನ್ನೂ ತೆತ್ತು ಬಂದಿದ್ದಾಳೆ. ಜೀವದ ಗೆಳತಿ ಲಿಲಿಯ ಕೊಲೆಯಾಗಿದೆ. ಆಗ ಶೆರಿಫ್ ಆಗಿದ್ದ ಅಪ್ಪ, ಲಿಲಿಯ ಅಪ್ಪನ ಮೇಲೆ ಸಂಶಯಪಟ್ಟು ಕೆಲಸ ಕಳೆದುಕೊಂಡಿದ್ದಾನೆ. ಅಪ್ಪನ ಪರ ನಿಂತದ್ದಕ್ಕೆ ಇವಳ ಗೆಳೆಯರೆಲ್ಲ ಬೆನ್ನು ತಿರುಗಿಸಿದ್ದಾರೆ. ಅಮ್ಮ ಮನೆ ಬಿಟ್ಟು ಹೋಗಿದ್ದಾಳೆ. ಒಂದು ಪಾರ್ಟಿಯಲ್ಲಿ ಇವಳ ಲೋಟಕ್ಕೆ ಏನೋ ಬೆರೆಸಿ ಅತ್ಯಾಚಾರ ಮಾಡಿದ್ದಾರೆ. ದೂರು ಕೊಡಲು ಹೋದರೆ ಹೊಸ ಶೆರಿಫ್ ಹಂಗಿಸಿ ಕಳಿಸಿದ್ದಾನೆ. ಇದೆಲ್ಲ ಮೊದಲ ಕಂತಿನಲ್ಲೇ ಬರುತ್ತದೆ. ಮನೆಯ ಹುಡುಗಿಯರ ಜೊತೆ ನೋಡುವವರು ಮೊದಲೇ ಅವರ ಜೊತೆ ಮಾತಾಡಿಕೊಳ್ಳಿ. ನಾನು ಹಾಗೇ ಮಾಡಿದೆ. ಒಳ್ಳೆಯದೇ ಆಯಿತು.

ಅದೇ ಕಂತಿನಲ್ಲಿ ಹೊಸದಾಗಿ ಶಾಲೆಗೆ ಸೇರಿದ ವಾಲೆಸ್ ಅನ್ನುವ ಹುಡುಗನನ್ನು ಬಟ್ಟೆ ಬಿಚ್ಚಿ ಧ್ವಜಕಂಬಕ್ಕೆ ಟೇಪು ಸುತ್ತಿ ಕಟ್ಟಿರುತ್ತಾರೆ. ಸುತ್ತ ನಿಂತವರೆಲ್ಲ ನಗುತ್ತಿದ್ದಾರೆ. ವೆರೋನಿಕಾ ಬರುತ್ತಾಳೆ, ಚಾಕು ತೆಗೆದು ಟೇಪು ಕೊಯ್ಯುತ್ತಾಳೆ. ಭಾಷಣ ಇಲ್ಲ, ಹಿನ್ನೆಲೆಯಲ್ಲಿ ಉಬ್ಬಿಸುವ ಸಂಗೀತ ಇಲ್ಲ. ಗುಂಪಿನ ಎದುರು ಒಂಟಿಯಾಗಿ ನಿಲ್ಲುವುದು ಅವಳಿಗೆ ಅಷ್ಟರಲ್ಲಿ ರೂಢಿಯಾಗಿಬಿಟ್ಟಿದೆ. ಆ ರೂಢಿಯನ್ನು ಕಂಡೇ ನನ್ನ ಕಣ್ಣು ತುಂಬಿತು.

ಹೆಣಿಗೆಯಲ್ಲಂತೂ ನಾಲ್ಕರಲ್ಲಿ ಇದಕ್ಕೆ ಸಾಟಿಯಿಲ್ಲ. ಪ್ರತಿ ಕಂತಿಗೊಂದು ಸಣ್ಣ ಕೇಸು. ಅದರ ಕೆಳಗೆ ಲಿಲಿಯ ಕೊಲೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. 22ನೇ ಕಂತಿನಲ್ಲಿ ಕೊಲೆಗಾರ ಯಾರು ಅಂತ ಗೊತ್ತಾಗುತ್ತದೆ. ಮುಂದಿನ ಸೀಸನ್‌ಗೆ ಅಂತ ಎಳೆಯುವುದಿಲ್ಲ. ಹಿಂದೆ ಹೋಗಿ ನೋಡಿದರೆ ಸುಳಿವುಗಳೆಲ್ಲ ಅಲ್ಲೇ ಇದ್ದವು, ನಮಗೆ ಕಂಡಿರಲಿಲ್ಲ ಅಷ್ಟೆ.

ಅಕ್ಕನ ಮಗಳಿಗೆ ಇಲ್ಲೊಂದು ತಕರಾರು. ವಾಲೆಸ್ ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ, ವೆರೋನಿಕಾ ಅವನಿಂದ ಕಡತಗಳನ್ನು ತರಿಸುತ್ತಲೇ ಇರುತ್ತಾಳೆ. "ಅವನನ್ನು ಸುಮ್ನೆ ಬಳಸಿಕೊಳ್ತಾಳೆ, ಒಂದು ಸಲಾನಾದ್ರೂ ನಿನಗೇನು ಬೇಕು ಅಂತ ಕೇಳ್ತಾಳಾ?" ಅಂದಳು. ನಾನು ವಾದ ಮಾಡಿದೆ, ಸೋತೆ. ಅವಳು ಹೇಳಿದ್ದು ಸರಿ. ಆದರೆ ಇದೇ ಕಾರಣಕ್ಕೆ ನನಗೆ ವೆರೋನಿಕಾ ಇನ್ನೂ ಹತ್ತಿರದವಳು. ಅವಳು ಯಾರನ್ನೂ ಪೂರ್ತಿ ನಂಬುವುದಿಲ್ಲ, ಅಪ್ಪನನ್ನೂ ಕೂಡ. ಪೆಟ್ಟು ತಿಂದವರಿಗೆ ಹೀಗಾಗುತ್ತದೆ. ಧಾರಾವಾಹಿ ಅದನ್ನು ಗುಣ ಅಂತ ಮೆರೆಸುವುದಿಲ್ಲ, ಮುಚ್ಚಿಡುವುದೂ ಇಲ್ಲ.

ಅಪ್ಪ ಅಂದೆನಲ್ಲ, ಅಪ್ಪ ಅಮ್ಮಂದಿರ ಲೆಕ್ಕದಲ್ಲಿ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಲೇಬೇಕು. ಬಫಿಯ ಅಮ್ಮ ಜಾಯ್ಸ್ ಒಳ್ಳೆಯವಳು, ಆದರೆ ಮಗಳ ಬದುಕಿನ ಮುಖ್ಯ ಸಂಗತಿಯೇ ಅವಳಿಗೆ ಗೊತ್ತಿಲ್ಲ. ಮಗಳು ರಾತ್ರಿ ಕಿಟಕಿಯಿಂದ ಹಾರಿ ಜಗತ್ತನ್ನು ಉಳಿಸಿ ಬಂದರೆ, ಬೆಳಿಗ್ಗೆ ಶಾಲೆಯ ಶಿಸ್ತಿನ ಬಗ್ಗೆ ಬೈಸಿಕೊಳ್ಳುತ್ತಾಳೆ. ಜೋನ್‌ಗೆ ಅಪ್ಪ ಅಮ್ಮ ಇಬ್ಬರೂ ಇದ್ದಾರೆ. ಜೋ ಮಾಂಟೆನ್ಯಾ ಮತ್ತು ಮೇರಿ ಸ್ಟೀನ್‌ಬರ್ಗೆನ್ ಇಬ್ಬರೂ ಆ ಮನೆಯನ್ನು ನಿಜವಾದ ಮನೆಯನ್ನಾಗಿ ಮಾಡಿದ್ದಾರೆ. 'ಮೈ ಸೋ-ಕಾಲ್ಡ್ ಲೈಫ್'ನ ಏಂಜೆಲಾ ತನ್ನ ಅಮ್ಮನ ಮೇಲೆ ಕಾರಣವಿಲ್ಲದೆ ಸಿಡುಕುತ್ತಾಳೆ. ಆ ಅಮ್ಮ ಪಾಪ, ಮಗಳ ಕೂದಲಿಗೆ ಬಿದ್ದ ಕೆಂಪು ಬಣ್ಣ ಕಂಡು ಮುಖ ಸರಿಯಾಗಿ ಇಟ್ಟುಕೊಳ್ಳಲು ಎಷ್ಟು ಒದ್ದಾಡುತ್ತಾಳೆ! ಮೊದಲು ನೋಡಿದಾಗ ನಾನು ಏಂಜೆಲಾ ಪಕ್ಷ. ಈಗ ಅಮ್ಮನ ಪಕ್ಷಕ್ಕೂ ಒಂದು ಕಾಲು ಇಟ್ಟಿದ್ದೇನೆ.

ಆದರೆ ಕೀತ್ ಮಾರ್ಸ್‌ಗೆ ಸಮ ಯಾರೂ ಇಲ್ಲ. ವೆರೋನಿಕಾಳ ಈ ಅಪ್ಪ ಮಗಳನ್ನು ನಗಿಸುತ್ತಾನೆ, ಅಡುಗೆ ಮಾಡುತ್ತಾನೆ, ಅವಳ ಬುದ್ಧಿಗೆ ಬೆಲೆ ಕೊಡುತ್ತಾನೆ. ಬೇಡ ಅನ್ನುವಾಗ ಕಾರಣ ಹೇಳುತ್ತಾನೆ. ಒಂದು ಹಂತದಲ್ಲಿ ಅವನು ತನ್ನ ಹೆತ್ತ ಅಪ್ಪ ಹೌದೋ ಅಲ್ಲವೋ ಅನ್ನುವ ಸಂಶಯ ಅವಳಿಗೆ ಬರುತ್ತದೆ. ಪರೀಕ್ಷೆ ಮಾಡಿಸುತ್ತಾಳೆ. ವರದಿ ಬರುತ್ತದೆ. ಓದದೆ ಹರಿದುಹಾಕುವ ಯಂತ್ರಕ್ಕೆ ಕೊಡುತ್ತಾಳೆ. ಎಲ್ಲದಕ್ಕೂ ಸಾಕ್ಷಿ ಹುಡುಕುವ ಹುಡುಗಿ ಸಾಕ್ಷಿಯೇ ಬೇಡ ಅಂದ ಒಂದೇ ಜಾಗ ಇದು. 76 ಕಂತುಗಳಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಯಾವುದು ಅಂದರೆ ಇದನ್ನೇ ಹೇಳುತ್ತೇನೆ.

ಈ ಧಾರಾವಾಹಿಯ ಅಭಿಮಾನಿಗಳ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಮೂರು ಸೀಸನ್ ಆದಮೇಲೆ 2007ರಲ್ಲಿ ಇದು ನಿಂತಿತು. 2013ರಲ್ಲಿ ಸಿನಿಮಾ ಮಾಡಲು ಕಿಕ್‌ಸ್ಟಾರ್ಟರ್‌ನಲ್ಲಿ 20 ಲಕ್ಷ ಡಾಲರ್ ಕೇಳಿದರು. ಒಂದೇ ದಿನದಲ್ಲಿ ಬಂತು. ಕೊನೆಗೆ 91 ಸಾವಿರಕ್ಕೂ ಜಾಸ್ತಿ ಜನ ಸೇರಿ 57 ಲಕ್ಷ ಡಾಲರ್ ಕೊಟ್ಟರು. ಮರುವರ್ಷ ಸಿನಿಮಾ ಬಂತು. ನಿಂತುಹೋಗಿ ಆರು ವರ್ಷ ಆದಮೇಲೂ ಜನ ಆ ಹುಡುಗಿಯನ್ನು ಮರೆತಿರಲಿಲ್ಲ.

ಜೋನ್ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. 2003ರ ಈ ಕಥೆಯಲ್ಲಿ ದೇವರು ಒಬ್ಬ ಸಾಮಾನ್ಯ ಹುಡುಗಿಯ ಎದುರು ಬಂದು ನಿಲ್ಲುತ್ತಾನೆ. ಒಂದು ದಿನ ಚಂದದ ಹುಡುಗನಾಗಿ, ಇನ್ನೊಂದು ದಿನ ಶಾಲೆಯ ಕ್ಯಾಂಟೀನಿನಲ್ಲಿ ಊಟ ಬಡಿಸುವ ಹೆಂಗಸಾಗಿ, ಮತ್ತೊಂದು ದಿನ ಪುಟ್ಟ ಹುಡುಗಿಯಾಗಿ. ಬಂದು ಹೇಳುವುದು ಸಣ್ಣ ಸಣ್ಣ ಕೆಲಸ. ಪುಸ್ತಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರು, ಚೆಸ್ ಕಲಿ, ದೋಣಿ ಕಟ್ಟು. ಯಾಕೆ ಅಂತ ಹೇಳುವುದಿಲ್ಲ. ಎಲ್ಲರ ಎದುರು ಪೆದ್ದಿಯಾಗಿ ಕಾಣುವ ಕೆಲಸವನ್ನು ನಂಬಿಕೆಯ ಮೇಲೆ ಮಾಡುವುದೂ ಒಂದು ಧೈರ್ಯ ಅಂತ ಆಂಬರ್ ಟ್ಯಾಂಬ್ಲಿನ್ ಅಭಿನಯ ನನಗೆ ತೋರಿಸಿಕೊಟ್ಟಿತು. ಅಪಘಾತದಿಂದ ಗಾಲಿಕುರ್ಚಿ ಹಿಡಿದ ಅಣ್ಣ ಕೆವಿನ್‌ನ ಭಾಗವಂತೂ ತುಂಬಾ ಚೆನ್ನಾಗಿದೆ. ಆದರೆ ಅಪ್ಪನ ಪೊಲೀಸ್ ಕೇಸುಗಳು ಬೇರೆ ಯಾವುದೋ ಧಾರಾವಾಹಿಯಿಂದ ಬಂದ ಹಾಗಿವೆ. 23 ಕಂತು ಜಾಸ್ತಿಯಾಯಿತು. ನಡುವೆ ನಾವಿಬ್ಬರೂ ಒಂದು ವಾರ ನಿಲ್ಲಿಸಿಬಿಟ್ಟಿದ್ದೆವು.

ಏಂಜೆಲಾಳನ್ನು ಈ ಸಾಲಿಗೆ ಸೇರಿಸಿದ್ದು ಯಾಕೆ ಅಂತ ಅಕ್ಕನ ಮಗಳು ಮೊದಲು ಕೇಳಿದಳು. ಅವಳು ಯಾರನ್ನೂ ಹೊಡೆಯುವುದಿಲ್ಲ, ಕೇಸು ಬಿಡಿಸುವುದಿಲ್ಲ, ದೇವರೂ ಬರುವುದಿಲ್ಲ. ಕೂದಲಿಗೆ ಬಣ್ಣ ಹಾಕುತ್ತಾಳೆ, ಹಳೆ ಗೆಳತಿಯನ್ನು ಬಿಟ್ಟು ಹೊಸಬಳ ಹಿಂದೆ ಹೋಗುತ್ತಾಳೆ, ಗೋಡೆಗೆ ಒರಗಿ ನಿಂತ ಜೋರ್ಡನ್‌ನನ್ನು ನೋಡುತ್ತಾ ಇರುತ್ತಾಳೆ. ಆದರೆ ಮನಸ್ಸಿನೊಳಗೆ ಅವಳು ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದಿಲ್ಲ. ತನ್ನ ಸಣ್ಣತನವನ್ನೂ ಕೂಡ ಕಣ್ಣು ಬಿಟ್ಟು ನೋಡುತ್ತಾಳೆ. ಹದಿನೈದು ವರ್ಷಕ್ಕೆ ಅದು ಎಂಥ ಗಟ್ಟಿತನ! ಕ್ಲೇರ್ ಡೇನ್ಸ್‌ಗೆ ಇದಕ್ಕೆ ಗೋಲ್ಡನ್ ಗ್ಲೋಬ್ ಬಂದದ್ದು 1995ರ ಜನವರಿಯಲ್ಲಿ. ಅದೇ ತಿಂಗಳು ಕೊನೆಯ ಕಂತು ಪ್ರಸಾರವಾಯಿತು. 19 ಕಂತು, ಅಷ್ಟೇ. ಕಥೆ ನಡುದಾರಿಯಲ್ಲಿ, ಅವಳು ಕಾರು ಹತ್ತಿ ಹೊರಟಲ್ಲಿ ನಿಲ್ಲುತ್ತದೆ. ಎರಡನೇ ಸೀಸನ್ ಇಲ್ಲ ಅಂದಾಗ ಅಕ್ಕನ ಮಗಳಿಗೆ ಬಂದ ಸಿಟ್ಟು, ನನಗೆ ಅವಳ ವಯಸ್ಸಿನಲ್ಲಿ ಬಂದಿದ್ದ ಸಿಟ್ಟೇ.

ಹಾಗಾದರೆ ಯಾವುದು ಮೊದಲು? ಒಂದೇ ಒಂದು ಸೀಸನ್ ನೋಡುತ್ತೇನೆ, ಮುಂದೆ ಹೋಗುವುದಿಲ್ಲ ಅನ್ನುವವರಿಗೆ ವೆರೋನಿಕಾ ಮಾರ್ಸ್. ಅದರಲ್ಲಿ ನನಗೆ ಎರಡು ಮಾತಿಲ್ಲ. ಮನೆಮಂದಿ ಎಲ್ಲ ಒಟ್ಟಿಗೆ ಕೂರುವುದಾದರೆ ಜೋನ್, ಆದರೆ ಕಂತುಗಳನ್ನು ದೂರದೂರ ಇಟ್ಟು ನೋಡಿ. ಏಂಜೆಲಾಳನ್ನು ಮನಸ್ಸು ಸ್ವಲ್ಪ ಭಾರ ಇರುವ ದಿನಕ್ಕೆ ಇಟ್ಟುಕೊಳ್ಳಿ. ಬಫಿಗೆ ಮಾತ್ರ ಸಮಯ ಬೇಕು. ಒಟ್ಟು ಏಳು ಸೀಸನ್, 144 ಕಂತು. ಐದನೇ ಸೀಸನ್‌ನಲ್ಲಿ ಹಿನ್ನೆಲೆ ಸಂಗೀತವೇ ಇಲ್ಲದ ಒಂದು ಕಂತು ಬರುತ್ತದೆ. ಅದರಲ್ಲಿ ಬಫಿ ತನ್ನ ಕೈಬಲದಿಂದ ಏನೂ ಮಾಡಲಾಗದ ಒಂದು ಸಾವಿನ ಎದುರು ನಿಲ್ಲುತ್ತಾಳೆ. ಮೊದಲ ಸೀಸನ್‌ನ ರಬ್ಬರ್ ರಾಕ್ಷಸರನ್ನು ಸಹಿಸಿಕೊಂಡವರಿಗೆ ಮಾತ್ರ ಅಲ್ಲಿಗೆ ತಲುಪಲು ಸಾಧ್ಯ.

ಅಕ್ಕನ ಮಗಳು ನನ್ನ ಪಟ್ಟಿಯನ್ನು ಒಪ್ಪಿಲ್ಲ. ಅವಳಿಗೆ ಬಫಿಯೇ ಮೊದಲು. "ವೆರೋನಿಕಾ ಒಬ್ಬಳೇ ಇರ್ತಾಳೆ ಚಿಕ್ಕಮ್ಮ, ಬಫಿಗೆ ಜೊತೆಗೆ ಜನ ಇದ್ದಾರೆ" ಅಂದಳು. ಮೊನ್ನೆಯಿಂದ ಎರಡನೇ ಸೀಸನ್ ಶುರು ಮಾಡಿದ್ದಾಳೆ. ನಿನ್ನೆ ರಾತ್ರಿ ಫೋನ್ ಮಾಡಿ, "ಬಫಿ ಅಮ್ಮನಿಗೆ ಯಾವಾಗ ಗೊತ್ತಾಗುತ್ತೆ?" ಅಂತ ಕೇಳಿದಳು. ನಾನು ಹೇಳಲಿಲ್ಲ. ಆ ಸೀಸನ್‌ನಲ್ಲಿ 22 ಕಂತು ಇವೆ.