ಪೀಣ್ಯದ ನಮ್ಮ ಶೆಡ್‌ನಲ್ಲಿ ಮೆಷಿನ್ ಮಾನಿಟರಿಂಗ್: ಒಂದೂವರೆ ವರ್ಷದ ಬಳಕೆಯ ನಂತರ

ನಮ್ಮದು ಎಂಟು ಮೆಷಿನ್‌ಗಳ ಸಿಎನ್‌ಸಿ ಶೆಡ್, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕೊರೆಯುವ ಮೆಷಿನ್‌ಗಳು. ಗಿರಾಕಿ ಕೊಟ್ಟ ಡ್ರಾಯಿಂಗ್ ನೋಡಿ ಶಾಫ್ಟ್, ಬುಷ್ ಮಾಡಿಕೊಡುತ್ತೇವೆ. ಮೆಷಿನ್ ಓಡುತ್ತಿದೆಯೋ ನಿಂತಿದೆಯೋ ಅಂತ ಮೊಬೈಲಿನಲ್ಲೇ ತೋರಿಸುವ ಸಿಸ್ಟಂ ಹಾಕಿಸಿದ್ದೇವೆ. ಫೀಚರ್‌ಗಳನ್ನು ಕಂಪನಿಯವರೇ ಹೇಳುತ್ತಾರೆ, ಅದು ಬಿಡಿ.

ನನಗೆ ತುಂಬಾ ಹಿಡಿಸಿದ್ದು ಅದರ ಬಣ್ಣದ ಪಟ್ಟಿ. ಓಡಿದ್ದರೆ ಹಸಿರು, ಸುಮ್ನೆ ನಿಂತಿದ್ದರೆ ಹಳದಿ, ಅಲಾರಂ ಬಂದಿದ್ದರೆ ಕೆಂಪು. ಬೆಳಿಗ್ಗೆ ಕಾಫಿ ಕುಡಿಯುತ್ತಾ ರಾತ್ರಿ ಶಿಫ್ಟಿನ ಪಟ್ಟಿ ನೋಡುತ್ತೇನೆ. ಹಳದಿ ಮೇಲೆ ಬೆರಳಿಟ್ಟರೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಅಂತ ಬರುತ್ತದೆ.

ಹುಡುಗರು ಟೀಗೆ ಹೋದರೆ ಬೇಗ ಬರಲ್ಲ ಅಂತ ಫೋರ್‌ಮನ್ ಯಾವಾಗಲೂ ಗೊಣಗುತ್ತಿದ್ದರು. ಪಟ್ಟಿಯಲ್ಲಿ ನೋಡಿದರೆ ಟೀ ಹೊತ್ತಿನ ಹಳದಿ ತೆಳು ಗೆರೆ ಅಷ್ಟೇ. ದಪ್ಪ ಹಳದಿ ಇದ್ದದ್ದು ಹೊಸ ಜಾಬ್‌ಗೆ, ಅಂದರೆ ಬೇರೆ ಪಾರ್ಟ್ ಮಾಡಲು, ಮೆಷಿನ್ ಸೆಟ್ಟಿಂಗ್ ಆದ ಮೇಲೆ. ಫಸ್ಟ್ ಪೀಸನ್ನು ಇನ್‌ಸ್ಪೆಕ್ಷನ್ ರೂಮಿಗೆ ಕೊಟ್ಟು, ಓಕೆ ಬರುವವರೆಗೆ ಆಪರೇಟರ್ ಕಾಯಬೇಕಿತ್ತು. ಮೆಷಿನ್ ಪಕ್ಕದಲ್ಲೇ ಟೇಬಲ್ ಹಾಕಿ ಮೈಕ್ರೋಮೀಟರ್, ಬೋರ್ ಗೇಜ್ ಇಟ್ಟೆವು. ಈಗ ಇನ್‌ಸ್ಪೆಕ್ಟರ್ ಅಲ್ಲಿಗೇ ಬಂದು ಅಳೆಯುತ್ತಾರೆ. ಹಳದಿ ಅರ್ಧಕ್ಕರ್ಧ ಕಮ್ಮಿಯಾಯಿತು. ಹುಡುಗರ ಮೇಲಿದ್ದ ದೂರೂ ಹೋಯಿತು. ನನಗೆ ಅದೇ ದೊಡ್ಡ ಸಮಾಧಾನ.

ತಲೆನೋವು ಕೊಟ್ಟಿದ್ದು ಹಳೇ ಮೆಷಿನ್‌ಗಳು. ಮೆಷಿನ್ ನಡೆಸುವ ಕಂಪ್ಯೂಟರ್ ಹೊಸ ಫಾನುಕ್ ಕಂಪನಿಯ ಕಂಟ್ರೋಲ್ ಆಗಿದ್ದರೆ ನೆಟ್‌ವರ್ಕ್ ಕೇಬಲ್ ಸಾಕು, ಮಾಹಿತಿ ಕಂಟ್ರೋಲರಿನಿಂದಲೇ ಬರುತ್ತದೆ. ಹಳೆಯವಕ್ಕೆ ವೈರಿನ ಸುತ್ತ ಕರೆಂಟ್ ಸೆನ್ಸರ್ ಕ್ಲ್ಯಾಂಪ್ ಹಾಕಬೇಕು. ಕಂಪನಿಯಿಂದ ಬಂದವರು ಅದನ್ನು ಮೇನ್ ಲೈನಿಗೆ ಹಾಕಿ ಹೋದರು. ಜಾಬನ್ನೋ ಟೂಲನ್ನೋ ತಿರುಗಿಸುವ ಸ್ಪಿಂಡಲ್ ನಿಂತಿದ್ದರೂ ಹೈಡ್ರಾಲಿಕ್ ಮೋಟಾರು ಕರೆಂಟ್ ಎಳೆಯುತ್ತಲೇ ಇರುತ್ತದೆ ಅಲ್ವಾ? ನಿಂತ ಮೆಷಿನ್ ದಿನವಿಡೀ ಹಸಿರು! ಫೋನ್ ಮಾಡಿದಾಗಲೆಲ್ಲ ‘ಅಪ್‌ಡೇಟ್ ಬರುತ್ತೆ ಸರ್’ ಅನ್ನುತ್ತಿದ್ದರು. ಕೊನೆಗೆ ನಮ್ಮ ಎಲೆಕ್ಟ್ರಿಷಿಯನ್ ಕ್ಲ್ಯಾಂಪನ್ನು ಸ್ಪಿಂಡಲ್ ಮೋಟಾರಿನ ವೈರಿಗೆ ಬದಲಾಯಿಸಿದರು. ಈಗ ಪರವಾಗಿಲ್ಲ. ಆದರೆ ಜಾಬ್ ಇಲ್ಲದೆ ಸ್ಪಿಂಡಲ್ ಸುಮ್ಮನೆ ತಿರುಗಿದರೂ ಹಸಿರೇ ತೋರಿಸುತ್ತದೆ.

ಮಾರುವಾಗ ಓಇಇ (ಮೆಷಿನ್ ಎಷ್ಟು ಚೆನ್ನಾಗಿ ಬಳಕೆಯಾಗುತ್ತಿದೆ ಅನ್ನುವ ಅಳತೆ) 85% ಅಂತ ಆಸೆ ಹುಟ್ಟಿಸುತ್ತಾರೆ. ಮೆಷಿನ್ 90% ಹೊತ್ತು ಓಡಿ, 95% ವೇಗದಲ್ಲಿ, 99.9% ಒಳ್ಳೇ ಪೀಸ್ ಕೊಟ್ಟರೆ, ಮೂರನ್ನೂ ಗುಣಿಸಿದಾಗ ಬರುವ ಅಂಕಿ ಅದು. ಒಂದೇ ಜಾಬ್ ತಿಂಗಳುಗಟ್ಟಲೆ ಓಡುವ ಕಡೆ ಸರಿ. ದಿನಾ ಸೆಟ್ಟಿಂಗ್ ಬದಲಾಗುವ ನಮ್ಮಂಥವರು ಅದರ ಹಿಂದೆ ಬೀಳಬೇಡಿ, ಹಳದಿ ನೋಡಿ ಸಾಕು.

ಚಾರ್ಜು ಮೆಷಿನ್ ಲೆಕ್ಕದಲ್ಲಿ ತಿಂಗಳು ತಿಂಗಳೂ ಕಟ್ಟಬೇಕು. ಈ ಸಲ ಹಳೇ ಎರಡನ್ನು ಬಿಟ್ಟು ಆರಕ್ಕೆ ಮಾತ್ರ ರಿನ್ಯೂ ಮಾಡಿಸಿದೆ. ಆ ಎರಡಕ್ಕೆ ಗಂಟೆಗೊಮ್ಮೆ ಬೋರ್ಡ್ ಮೇಲೆ ಪೀಸ್ ಲೆಕ್ಕ ಬರೆಯುತ್ತಾರೆ.