ಟ್ರ್ಯಾಕಲ್ಲಿ ಸೈಡ್ ಕೊಡಬೇಡಿ

ರೇಸ್ ಟ್ರ್ಯಾಕಿನಲ್ಲಿ ಬೈಕಿನಿಂದ ಬಿದ್ದು ಎಡಗೈ ಇನ್ನೂ ಸ್ಲಿಂಗಿನಲ್ಲಿದೆ, ಒಂದೇ ಕೈಯಲ್ಲಿ ಟೈಪ್ ಮಾಡ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಹೊಂದಿಸಿಕೊಂಡು ಓದಿ. ಗೋಣಿಕೊಪ್ಪ, ವಿರಾಜಪೇಟೆ, ಸಿದ್ದಾಪುರ ಕಡೆಯ ಹುಡುಗರು ಈಚೆಗೆ ಗುಂಪು ಕಟ್ಟಿಕೊಂಡು ಟ್ರ್ಯಾಕ್ ಡೇಗೆ, ಅಂದರೆ ದುಡ್ಡು ಕೊಟ್ಟು ರೇಸ್ ಟ್ರ್ಯಾಕಿನಲ್ಲಿ ನಮ್ಮ ಬೈಕ್ ಓಡಿಸುವ ದಿನಕ್ಕೆ, ಹೋಗುವುದು ಜಾಸ್ತಿಯಾಗಿದೆ. "ಮುಂದಿನ ತಿಂಗಳು ನಾವೂ ಹೊರಟಿದ್ದೇವೆ, ಏನೇನು ಬೇಕು ಅಣ್ಣ?" ಅಂತ ಈ ವಾರ ಮೂರು ಜನ ಫೋನ್ ಮಾಡಿದರು. ಮೂವರಿಗೂ ಹೇಳಿದ್ದನ್ನೇ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ನಾನು ಬೈಕ್ ಕಲಿತದ್ದು ತೋಟದ ಮಣ್ಣು ದಾರಿಯಲ್ಲಿ, ಪಳಗಿದ್ದು ಮಾಕುಟ್ಟ ಮತ್ತು ಸಂಪಾಜೆ ಘಾಟಿಯಲ್ಲಿ. ಘಾಟಿಯಲ್ಲಿ ಹಿಂದಿನಿಂದ ಬಸ್ ಹಾರ್ನ್ ಹೊಡೆದರೆ ಎಡಕ್ಕೆ ಸರಿಯಬೇಕು, ಮುಂದೆ ದಾರಿ ಖಾಲಿಯಿದ್ದರೆ ಕೈ ಬೀಸಿ ಹೋಗು ಅನ್ನಬೇಕು. ಡ್ರೈವರ್ ಎರಡು ಸಲ ಪುಟ್ಟದಾಗಿ ಹಾರ್ನ್ ಒತ್ತಿ ಹೋಗ್ತಾನೆ, ಅದೇ ಥ್ಯಾಂಕ್ಸು. ನಮ್ಮ ಕಡೆ ಸೈಡ್ ಕೊಡುವುದು ಮರ್ಯಾದೆಯ ವಿಷಯ, ಕೊಡದವನಿಗೆ ಮುಂದಿನ ಊರಿನ ಚಾ ಅಂಗಡಿಯ ತನಕ ಬೈಗುಳ. ಇಪ್ಪತ್ತು ವರ್ಷ ಹೀಗೇ ಓಡಿಸಿದವನ ಕೈಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು? ನಾನು ಬಿದ್ದದ್ದಕ್ಕೆ ಅರ್ಧ ಕಾರಣ ಈ ಮರ್ಯಾದೆ. ಇನ್ನರ್ಧ, ಅದು ಇಲ್ಲದ ಒಬ್ಬ.

ನಮ್ಮ ಜಿಲ್ಲೆಯಲ್ಲಿ ಗದ್ದೆ ಒಣಗಿದ ಮೇಲೆ ಜೀಪು, ಬೈಕು ಓಡಿಸುವ ಆಟಗಳೇನೋ ಇವೆ, ಆದರೆ ಟಾರಿನ ಟ್ರ್ಯಾಕ್ ಇಲ್ಲ. ಅದು ಬೇಕೆಂದರೆ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೆಗೋ ಕೊಯಮತ್ತೂರಿಗೋ ಹೋಗಬೇಕು, ಇಲ್ಲವೇ ದೂರದ ಗ್ರೇಟರ್ ನೋಯ್ಡಾಕ್ಕೆ. ನಾನು ಎಲ್ಲಿ ಬಿದ್ದೆ, ಯಾರು ನಡೆಸಿದ್ದು ಅಂತ ಇಲ್ಲಿ ಹೇಳುವುದಿಲ್ಲ. ಟ್ರ್ಯಾಕಿನದು ಏನೂ ತಪ್ಪಿರಲಿಲ್ಲ, ಮಿಕ್ಕಿದ್ದನ್ನು ಕೇಳಬೇಕಾದವರ ಹತ್ತಿರವೇ ಕೇಳಿದ್ದೇನೆ.

ಶುಂಠಿ ಮೂಟೆ ಹೊರುವ ಪಿಕಪ್ಪಿನಲ್ಲಿ ನಾಲ್ಕು ಬೈಕ್ ಕಟ್ಟಿಕೊಂಡು ರಾತ್ರಿ ಹೊರಟೆವು. ರೊಬಸ್ಟಾ ಕೊಯ್ಲು ಅರ್ಧದಲ್ಲಿತ್ತು. ಅವ್ವನಿಗೆ ಸುತರಾಂ ಇಷ್ಟವಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಹುಡುಗನೊಬ್ಬ ಚೆನ್ನೈ ಟ್ರ್ಯಾಕಿನಲ್ಲಿ ಬಿದ್ದು ತೀರಿಕೊಂಡದ್ದನ್ನು ಅವರು ಟೀವಿಯಲ್ಲಿ ನೋಡಿದ್ದರು, ಮರೆತಿರಲಿಲ್ಲ. "ಅದು ರೇಸ್ ಅವ್ವ. ನಾವು ಹೋಗ್ತಿರೋದು ಟ್ರ್ಯಾಕ್ ಡೇ. ಅದರಲ್ಲಿ ಫಸ್ಟ್ ಇಲ್ಲ, ಸೆಕೆಂಡ್ ಇಲ್ಲ, ಕಪ್ಪೂ ಇಲ್ಲ. ದುಡ್ಡು ಕೊಟ್ಟು ಕಲಿಯೋದು ಅಷ್ಟೇ" ಅಂದೆ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಜೊತೆಗೆ ಬಂದ ಎಲ್ಲರಿಗೂ ಅದು ಗೊತ್ತಿದೆ ಅಂತ ನಾನೇ ಅಂದುಕೊಂಡದ್ದು ತಪ್ಪು.

ಬೆಳಿಗ್ಗೆ ಬೈಕ್ ತಪಾಸಣೆ. ಕನ್ನಡಿ ಬಿಚ್ಚಿ, ಹೆಡ್‌ಲೈಟಿಗೆ ಟೇಪ್ ಸುತ್ತಿ, ರೇಡಿಯೇಟರಿನಲ್ಲಿ ಎಂಜಿನ್ ತಂಪಾಗಿಡುವ ಕೂಲಂಟ್ ತೆಗೆದು ಬರೀ ನೀರು ತುಂಬಿ ಅಂದರು. ಕೂಲಂಟ್ ಚೆಲ್ಲಿದರೆ ಟಾರು ಎಣ್ಣೆ ಸವರಿದ ಹಾಗೆ ಜಾರುತ್ತದೆ, ಹಿಂದಿನವರೆಲ್ಲ ಸಾಲಾಗಿ ಬೀಳ್ತಾರೆ. ಆಮೇಲೆ ಬ್ರೀಫಿಂಗ್. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ಓವರ್‌ಟೇಕ್ ಬಂದ್. ಕೆಂಪು ಕಂಡರೆ ಸೆಷನ್ನೇ (ಒಂದು ಗುಂಪಿನ ಸರದಿ) ಮುಗಿಯಿತು, ಮೆಲ್ಲಗೆ ಪಿಟ್ಟಿಗೆ, ಅಂದರೆ ಟ್ರ್ಯಾಕಿನ ಪಕ್ಕ ಬೈಕ್ ನಿಲ್ಲಿಸುವ ಜಾಗಕ್ಕೆ, ಬನ್ನಿ. ಹೊಸಬರ ಗುಂಪಿನಲ್ಲಿ ನೇರ ದಾರಿಯಲ್ಲಿ ಮಾತ್ರ ಪಾಸ್ ಮಾಡಬೇಕು, ತಿರುವಿನಲ್ಲಿ ಯಾರೂ ಯಾರ ಪಕ್ಕಕ್ಕೂ ಹೋಗಬಾರದು. ಇಷ್ಟನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು, ಅರ್ಧ ಜನ ಮೊಬೈಲಿನಲ್ಲಿದ್ದರು. ನಮ್ಮ ಜೊತೆ ಊರಿಂದ ಬಂದ ಒಬ್ಬನಂತೂ ಹೊರಗೆ ನಿಂತು ಟಯರ್ ಜೊತೆ ಸೆಲ್ಫಿ ತೆಗೀತಿದ್ದ. ಅವನ ವಿಷಯಕ್ಕೆ ಬರ್ತೇನೆ.

ಮೊದಲನೇ ಸೆಷನ್. ನನ್ನದು ಹಳೇ ಡ್ಯೂಕ್ 390. ಮೂರನೇ ಸುತ್ತಿನಲ್ಲಿ ಒಂದು ಎಡ ತಿರುವು ಮುಗಿಸಿ ಹೊರಬರ್ತಿದ್ದೆ. ಎಡ ತಿರುವಿನಿಂದ ಹೊರಬರುವಾಗ ಬೈಕ್ ತಾನಾಗಿಯೇ ಟ್ರ್ಯಾಕಿನ ಬಲ ಅಂಚಿಗೆ ಹೋಗ್ತದೆ, ಹೋಗಬೇಕಾದ ಲೈನೂ ಅದೇ. ಅಷ್ಟರಲ್ಲಿ ಹಿಂದೆ ನಾಲ್ಕು ಸಿಲಿಂಡರಿನ ಕೂಗು ಕೇಳಿಸಿತು. ತಲೆಯಲ್ಲಿ ಸಂಪಾಜೆ ಬಸ್ಸು! ತಕ್ಷಣ ಎಡಕ್ಕೆ ಎಳೆದೆ, ಸೈಡ್ ಕೊಟ್ಟೆ. ಆದರೆ ಹಿಂದಿದ್ದವರು ಖಾಲಿ ಬಿದ್ದಿದ್ದ ಆ ಎಡಭಾಗಕ್ಕೇ ಬರ್ತಿದ್ದರು. ಬ್ರೇಕ್ ಹಿಡಿದ ಸದ್ದು ಕಿವಿಯ ಪಕ್ಕದಲ್ಲೇ ಕೇಳಿಸಿತು. ಹೇಗೋ ತಪ್ಪಿತು.

ಪಿಟ್ಟಿಗೆ ಬಂದ ಮೇಲೆ ಬೈಸಿಕೊಳ್ಳಲು ತಯಾರಾಗಿಯೇ ಹೆಲ್ಮೆಟ್ ತೆಗೆದೆ. ಹಿಂದಿದ್ದವರು ಮೈಸೂರಿನವರು, ಐವತ್ತು ದಾಟಿರಬೇಕು, ನರೆತ ಗಡ್ಡ. ಕೈಯಲ್ಲಿ ಎರಡು ಚಾ ಹಿಡಿದು ಬಂದರು. "ತಮ್ಮಾ, ನೀವು ಸೈಡ್ ಕೊಡದೇ ಇದ್ದಿದ್ರೆ ನಾನು ಆರಾಮಾಗಿ ಹೋಗಿರ್ತಿದ್ದೆ" ಅಂದರು. ಆಮೇಲೆ ಕೂತು, ಟಯರ್ ಗಾಳಿ ನೋಡುವ ಗೇಜಿನ ತುದಿಯಲ್ಲಿ ಧೂಳಿನ ಮೇಲೆ ತಿರುವಿನ ಚಿತ್ರ ಬರೆದು ತೋರಿಸಿದರು. "ನಾನು ಎರಡು ತಿರುವಿನಿಂದ ನಿಮ್ಮ ಹಿಂದೇ ಇದ್ದೆ. ನೀವು ಎಲ್ಲಿ ಬ್ರೇಕ್ ಹಿಡೀತೀರಿ, ಎಲ್ಲಿ ಬಗ್ಗಿಸ್ತೀರಿ, ಎಲ್ಲಿಗೆ ಹೊರಗೆ ಬರ್ತೀರಿ ಅಂತ ನೋಡ್ಕೊಂಡೇ ನನ್ನ ಜಾಗ ಗೊತ್ತು ಮಾಡಿದ್ದು. ನೀವು ಮಾಡೋದನ್ನೇ ಮಾಡ್ತಾ ಇರಿ. ನಿಮ್ಮ ಬೆನ್ನಿಗೆ ಕಣ್ಣಿಲ್ಲ, ಕನ್ನಡಿಯೂ ಇಲ್ಲ. ದಾಟೋ ತಲೆನೋವು ಹಿಂದೆ ಇರೋನದು."

ಇಡೀ ದಿನದಲ್ಲಿ ನಾನು ಕಲಿತದ್ದು ಆ ಚಾ ಕುಡಿಯುವಾಗ. ಟ್ರ್ಯಾಕಿನಲ್ಲಿ ಮುಂದಿರುವವನದೇ ಲೈನು. ಅವನು ಎಷ್ಟೇ ನಿಧಾನವಿರಲಿ, ನೀವು ದಾಟುವಾಗ ಅವನು ಬೆಚ್ಚಿ ಬ್ರೇಕ್ ಹಿಡಿಯುವಂತಾದರೆ, ಅವನ ಬೈಕ್ ಒಂದಡಿ ಆಚೀಚೆ ಆದರೆ, ನೀವು ದಾಟಿದ್ದು ತಪ್ಪು. ಎರಡನೇ ಸೆಷನ್ನಿನಲ್ಲಿ ಅವರು ನನ್ನನ್ನು ಇನ್ನೆರಡು ಸಲ ದಾಟಿದರು. ಎರಡು ಸಲವೂ ನೇರ ದಾರಿಯಲ್ಲಿ, ಒಂದು ಮಂಚದಷ್ಟು ಜಾಗ ಬಿಟ್ಟು. ಅವರು ಹೋದದ್ದು ಗೊತ್ತಾಗಿದ್ದು ಬೆನ್ನು ಕಂಡ ಮೇಲೆಯೇ.

ಮೂರನೇ ಸೆಷನ್ ಊಟದ ನಂತರ. ಟಾರು ಕಾದಿತ್ತು, ಹೊಟ್ಟೆ ತುಂಬಿತ್ತು, ಎಲ್ಲರಿಗೂ ಸ್ವಲ್ಪ ಧೈರ್ಯ ಜಾಸ್ತಿಯಾಗಿತ್ತು. ಪಿಟ್‌ನಿಂದ ಹೊರಡುವಾಗ ನಮ್ಮ ಹೊಸಬರ ಗುಂಪಿನಲ್ಲಿ ಬೆಳಿಗ್ಗೆ ಇಲ್ಲದ ಮುಖಗಳಿದ್ದವು. ಆಮೇಲೆ ಗೊತ್ತಾಯಿತು, ವೇಗದವರ ಗುಂಪು ತುಂಬಿ ಹೋಗಿತ್ತಂತೆ, ಕೆಲವರನ್ನು ಇಲ್ಲಿ ಸೇರಿಸಿದ್ದರು. ಅದರಲ್ಲಿ ನಮ್ಮ ಪಿಕಪ್ಪಿನಲ್ಲೇ ಬಂದ ಸೆಲ್ಫಿಯವನೂ ಒಬ್ಬ. ಅವನಿಗೆ ಏಳೆಂಟು ಟ್ರ್ಯಾಕ್ ಡೇ ಅನುಭವವಿದೆ, 600 ಸಿಸಿ ಬೈಕು. "ಊರವರ ಜೊತೆ ಓಡಿಸ್ತೇನೆ" ಅಂತ ಅವನೇ ಕೇಳಿಕೊಂಡನಂತೆ. ನಡೆಸುವವರು ಹೂಂ ಅಂದರು.

ಲೆಕ್ಕ ಹಾಕಿ ನೋಡಿ. ಉದಾಹರಣೆಗೆ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನುವ ಟ್ರ್ಯಾಕಿನ ಉದ್ದ 2.1 ಕಿಲೋಮೀಟರ್. ಅಷ್ಟು ಉದ್ದಕ್ಕೆ 30 ಬೈಕ್ ಬಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ 70 ಮೀಟರ್. ಗಂಟೆಗೆ 90ರಲ್ಲಿ ಹೋಗುವ ಬೈಕು ಸೆಕೆಂಡಿಗೆ 25 ಮೀಟರ್ ದಾಟುತ್ತದೆ. ಅಂದರೆ ಎಲ್ಲರೂ ಒಂದೇ ವೇಗದಲ್ಲಿ ಹೋದರೂ ಮೂರು ಸೆಕೆಂಡಿನ ಅಂತರ ಇಲ್ಲ. ಅದರಲ್ಲಿ ಐದಾರು ಜನ ಬೇರೆಯವರ ಒಂದೂವರೆ ಪಟ್ಟು ವೇಗದವರಾದರೆ?

ಬಲ ತಿರುವು. ನಾನು ಬಲಕ್ಕೆ ಬಗ್ಗಿಸಿ ಆಗಿತ್ತು, ಕಣ್ಣು ಒಳ ಅಂಚಿನ ಕೆಂಪು-ಬಿಳಿ ಪಟ್ಟಿಯ ಮೇಲೆ. ಆ ಪಟ್ಟಿಗೂ ನನಗೂ ನಡುವೆ ಇದ್ದ ಜಾಗಕ್ಕೆ ಸೆಲ್ಫಿಯವನು ನುಗ್ಗಿದ. ಮೊದಲು ಬಲ ಮೊಣಕೈಗೆ ಏನೋ ತಾಗಿತು, ಆಮೇಲೆ ಸದ್ದು ಕೇಳಿಸಿತು. ಮೈಸೂರಿನವರು ಹೇಳಿದ್ದೆಲ್ಲ ಆ ಕ್ಷಣ ಮರೆತೇ ಹೋಯಿತು. ಮೈ ತನಗೆ ಗೊತ್ತಿದ್ದದ್ದನ್ನು ಮಾಡಿತು, ಎಡಕ್ಕೆ ಸೈಡ್ ಕೊಟ್ಟಿತು. ಜೊತೆಗೆ ಬಲಗೈ ಮುಂದಿನ ಬ್ರೇಕನ್ನೂ ಹಿಡಿಯಿತು. ಬಾಗಿದ ಬೈಕಿಗೆ ಮುಂದಿನ ಬ್ರೇಕ್ ಹಿಡಿದರೆ ಅದು ಎದ್ದು ನಿಂತು ನೇರ ಹೋಗ್ತದೆ. ನೇರ ಹೋದರೆ ಎದುರಿಗೆ ಹುಲ್ಲು. ಹುಲ್ಲಿನ ಮೇಲೂ ಬ್ರೇಕ್ ಬಿಟ್ಟಿರಲಿಲ್ಲ ಅಂತ ಕಾಣ್ತದೆ, ಮುಂದಿನ ಚಕ್ರ ಜಾರಿ ನಾನು ಎಡ ಭುಜದ ಮೇಲೆ ಬಿದ್ದೆ. ಒಣ ಕಡ್ಡಿ ಮುರಿದ ಹಾಗೆ ಒಂದು ಸಣ್ಣ ಸದ್ದು ಹೆಲ್ಮೆಟ್ಟಿನ ಒಳಗೆ ಕೇಳಿಸಿತು. ಅದು ನನ್ನ ಕಾಲರ್ ಬೋನು.

ಆಮೇಲೆ ಮಾಡಿದ ಕೆಲಸ ಇನ್ನೂ ದಡ್ಡತನದ್ದು. ಎದ್ದು ಬೈಕ್ ಎತ್ತಲು ಹೋದೆ. ಎಡಗೈ ಬರಲಿಲ್ಲ, ಆದರೂ ಒಂದೇ ಕೈಯಲ್ಲಿ ಎಳೀತಿದ್ದೆ, ಟ್ರ್ಯಾಕಿಗೆ ಬೆನ್ನು ಹಾಕಿಕೊಂಡು! ಟ್ರ್ಯಾಕ್ ಕಾಯುವ ಮಾರ್ಷಲ್ ಓಡಿ ಬಂದು ಸೊಂಟ ಹಿಡಿದು ಆಚೆ ಎಳೆದೊಯ್ದ. ನೀವು ಬಿದ್ದರೆ ಬೈಕ್ ಬಿಟ್ಟುಬಿಡಿ. ಒಂದು ಬೈಕ್ ಟ್ರ್ಯಾಕ್ ಬಿಟ್ಟು ಹೊರಹೋದ ಜಾಗಕ್ಕೇ ಇನ್ನೊಂದೂ ಬರಬಹುದು. ಕಾಲು ನಡೆಯುವಂತಿದ್ದರೆ ತಡೆಗೋಡೆಯ ಹಿಂದಕ್ಕೆ ಹೋಗಿ, ನಡೆಯಲಾಗದಿದ್ದರೆ ಅಲ್ಲೇ ಇರಿ, ಅವರು ಬರ್ತಾರೆ. ಆ್ಯಂಬುಲೆನ್ಸ್ ಬೇಗ ಬಂತು, ಅದನ್ನೂ ಹೇಳಬೇಕು. ಬೆನ್ನಿಗೆ ಗಾರ್ಡ್, ಪೂರ್ತಿ ಚರ್ಮದ ಸೂಟ್ ಇದ್ದದ್ದಕ್ಕೆ ಮೂಳೆ ಒಂದು ಬಿಟ್ಟು ಬೇರೇನೂ ಆಗಲಿಲ್ಲ. ಸೂಟಿನ ಎಡ ಭುಜ ಮಾತ್ರ ತೆಂಗಿನಕಾಯಿ ತುರಿದ ಹಾಗೆ ಆಗಿದೆ.

ಸಂಜೆ ಪಿಟ್ಟಿನಲ್ಲಿ ಸೆಲ್ಫಿಯವನು ಬಂದ. "ಗ್ಯಾಪ್ ಇತ್ತಲ್ಲ ಮಾರಾಯ, ಹಾಕಿದೆ. ಟ್ರ್ಯಾಕ್ ಅಂದ್ರೆ ಇದೆಲ್ಲ ಇದ್ದದ್ದೇ" ಅಂದ. ಅವನ ಹೆಲ್ಮೆಟ್ ಕ್ಯಾಮೆರಾದ ವಿಡಿಯೊ ಎರಡು ದಿನದಲ್ಲಿ ಊರಿಗೆಲ್ಲ ಹರಿದಾಡಿತು, ನಾನು ಬೀಳುವುದಕ್ಕೆ ಸ್ವಲ್ಪ ಮುಂಚೆ ಕತ್ತರಿಸಿ, ಹಿನ್ನೆಲೆಯಲ್ಲಿ ಒಂದು ಹಾಡು ಸೇರಿಸಿ. ಆ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ತಾಗಿದ ಹೊತ್ತಿಗೆ ನನ್ನ ಮೊಣಕೈ ಅವನ ಕ್ಲಚ್ ಲಿವರಿಗಿಂತ ಒಂದು ಗೇಣು ಮುಂದಿದೆ. ಅವನು ಅಂದ ಗ್ಯಾಪು ನಾನು ಇನ್ನೊಂದು ಕ್ಷಣದಲ್ಲಿ ತಲುಪಬೇಕಿದ್ದ ಜಾಗ. ತಿರುವಿನ ಒಳ ಅಂಚು ಖಾಲಿ ಕಾಣುವುದು ಮುಂದಿನವನು ಇನ್ನೂ ಅಲ್ಲಿಗೆ ಬಂದಿಲ್ಲ ಅಂತ, ಬರುವುದಿಲ್ಲ ಅಂತ ಅಲ್ಲ. ಮೋಟೋಜಿಪಿ ಅನ್ನುವ ವಿಶ್ವಮಟ್ಟದ ಬೈಕ್ ರೇಸಿನಲ್ಲಿ ಹೀಗೆ ನುಗ್ತಾರೆ, ಹೌದು. ಅವರಿಗೆ ಅದು ಹೊಟ್ಟೆಪಾಡು. ಎದುರಾಳಿಯೂ ಅಷ್ಟೇ ಪಳಗಿದವನು, ಒಳಗೆ ಯಾರಾದರೂ ಬಂದೇ ಬರ್ತಾರೆ ಅಂತ ಕಾದೇ ಇರ್ತಾನೆ. ನಾನು ಕಾಫಿ ಬೆಳೆಯುವವನು.

ದಾಟಲಾಗದೆ ತಲೆ ಕೆಟ್ಟರೆ ಸುಲಭದ ದಾರಿಯಿದೆ, ಅದನ್ನು ಅವನಿಗೂ ಹೇಳಿದೆ. ಪಿಟ್ಟಿನೊಳಗೆ ಬಂದು ಮೆಲ್ಲಗೆ ಸಾಗಿ ಮತ್ತೆ ಹೊರಗೆ ಹೋಗು, ಮುಂದೆ ಖಾಲಿ ಟ್ರ್ಯಾಕ್ ಸಿಗ್ತದೆ. ಅರ್ಧ ಸುತ್ತು ಹೋಗ್ತದೆ ಅಷ್ಟೇ. ನಕ್ಕ.

ದುಡ್ಡಿನ ವಿಷಯ ಚುಟುಕಾಗಿ. ಹ್ಯಾಂಡಲ್, ರೇಡಿಯೇಟರ್, ಫುಟ್‌ಪೆಗ್, ಟ್ಯಾಂಕು ಸೇರಿ 38 ಸಾವಿರ ಕೈಯಿಂದಲೇ ಹೋಯಿತು. ನಿಮ್ಮ ಬೈಕ್ ಇನ್ಶೂರೆನ್ಸ್ ಕಾಗದ ತೆಗೆದು ಬಳಕೆಯ ಮಿತಿಗಳು ಅನ್ನುವ ಭಾಗ ಓದಿ. ರೇಸಿಂಗ್, ವೇಗ ಪರೀಕ್ಷೆ ಇವೆಲ್ಲ ಅದರಲ್ಲಿ ಹೊರಗಿರ್ತವೆ. ನಾನು ಓದಿದ್ದು ಬಿದ್ದ ಮೇಲೆ. ಬೆಳಿಗ್ಗೆ ಓದದೆ ಸಹಿ ಹಾಕಿದ ಇನ್ನೊಂದು ಕಾಗದದಲ್ಲಿ, ಏನೇ ಆದರೂ ನನ್ನದೇ ಹೊಣೆ ಅಂತ ಬರೆದಿತ್ತು. ಆರೋಗ್ಯ ವಿಮೆಯಲ್ಲೂ ಸಾಹಸ ಕ್ರೀಡೆಯ ಬಗ್ಗೆ ಏನಿದೆ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ.

ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಘಾಟಿಯಲ್ಲಿ ಎದುರಿಗೆ ಲಾರಿ ಬರುವ ಕಡೆ ಬೈಕ್ ಬಗ್ಗಿಸಿ ನೆಲಕ್ಕೆ ಮಂಡಿ ತಾಗಿಸುವುದಕ್ಕಿಂತ ಅಲ್ಲಿಗೆ ಹೋಗುವುದೇ ಎಷ್ಟೋ ವಾಸಿ. ಆದರೆ ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳಿ. ಒಂದು ಗುಂಪಿಗೆ ಎಷ್ಟು ಬೈಕು? ಊಟದ ಮೇಲೆ ಗುಂಪು ಬೆರೆಸ್ತೀರಾ? ತಿರುವಿನಲ್ಲಿ ದಾಟಿದವನನ್ನು ಏನು ಮಾಡ್ತೀರಿ? ಕೊನೇ ಪ್ರಶ್ನೆಗೆ ಉತ್ತರ ತಡವರಿಸಿದರೆ ದುಡ್ಡು ಕಟ್ಟಬೇಡಿ. ಮೊದಲ ಸಲ ಒರಟಾಗಿ ದಾಟಿದವನನ್ನು ಪಿಟ್ಟಿಗೆ ಕರೆಸಿ, ಎರಡನೇ ಸಲ ಮನೆಗೆ ಕಳಿಸುವವರ ಹತ್ತಿರ ಹೋಗಿ. ನನಗೂ ಅವತ್ತು ದೂರಲು ಅವಕಾಶವಿತ್ತು. ಎರಡನೇ ಸೆಷನ್ ಮುಗಿಯುವಾಗ ಯಾರೋ ಒಬ್ಬ ತಿರುವಿನಲ್ಲಿ ಪಕ್ಕಕ್ಕೆ ಬಂದು ಹೋಗಿದ್ದ. ನಮ್ಮೂರಿನವರು ಹೆದರುಪುಕ್ಕಲರು ಅಂದುಕೊಳ್ತಾರೆ ಅಂತ ಬಾಯಿ ಮುಚ್ಚಿಕೊಂಡೆ. ಆಗಲೇ ಅವನ ಬೈಕಿನ ನಂಬರ್ ಹೇಳಿದ್ದರೆ ಎಲ್ಲರನ್ನೂ ಇನ್ನೊಮ್ಮೆ ಕೂರಿಸಿ ನಿಯಮ ಹೇಳುತ್ತಿದ್ದರೋ ಏನೋ.

ಇದನ್ನು ಬರೀತಿರುವಾಗ ಹೊರಗೆ ಸ್ಪ್ರಿಂಕ್ಲರ್ ಪೈಪು ಬದಲಿಸ್ತಿದ್ದಾರೆ. ನಾನು ಎತ್ತಬೇಕಾದ ಪೈಪು, ಈಗ ಕೂಲಿ ಕೊಟ್ಟು ಎತ್ತಿಸ್ತಿದ್ದೇನೆ. ಅವ್ವ ಏನೂ ಅನ್ನುವುದಿಲ್ಲ, ಅನ್ನ ಕಲಸಿ ಚಮಚ ಇಟ್ಟು ಹೋಗ್ತಾರೆ. ಬೈದಿದ್ದರೆ ಚೆನ್ನಾಗಿತ್ತು.

ಹೋಗುವವರು ಹೊರಡುವ ವಾರ ಮನೆ ಕಡೆ ಬನ್ನಿ. ಕಾಫಿ ಕಣ ಖಾಲಿಯಾಗಿದೆ, ಸುಣ್ಣದಲ್ಲಿ ಒಂದು ತಿರುವು ಗೀಚಿ ನಡೆದೇ ತೋರಿಸ್ತೇನೆ. ಒಬ್ಬರು ಮುಂದೆ ನಡೀರಿ, ಇನ್ನೊಬ್ಬರು ಹಿಂದಿನಿಂದ ಕೂಗ್ತಾ ಬನ್ನಿ, ಮುಂದಿನವರು ಗೆರೆ ಬಿಡಬಾರದು. ನಗಬೇಡಿ, ಪಕ್ಕದ ಮನೆಯ ಇಬ್ಬರು ಹುಡುಗರ ಮೇಲೆ ಪ್ರಯೋಗ ಮಾಡಿ ಆಗಿದೆ. ಹತ್ತು ಸಲದಲ್ಲಿ ಏಳು ಸಲ ಎಡಕ್ಕೆ ಸರಿದರು. ಸೂಟ್ ಬೇಕಾದವರು ತೆಗೆದುಕೊಂಡು ಹೋಗಿ, 42 ಸೈಜು, ಎಡ ಭುಜಕ್ಕೆ ತೇಪೆ ಹಾಕಿಸಿದ್ದೇನೆ. ಹೆಲ್ಮೆಟ್ ಕೇಳಬೇಡಿ. ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸತ್ತಿರ್ತದೆ. ಯಾರೂ ಹಾಕಿಕೊಳ್ಳದ ಹಾಗೆ ಅದರ ಪಟ್ಟಿ ಕತ್ತರಿಸಿ ಕೊಟ್ಟಿಗೆಯಲ್ಲಿ ಇಟ್ಟಿದ್ದೆ, ಈಗ ಅದರಲ್ಲಿ ಕೋಳಿ ಕಾವು ಕೂತಿದೆ.